ಶಿಖರಕ್ಕೆ ಹೊರಟವನಿಗೆ ಹೋಳಿಗೆ ಊಟ

ಪರ್ವತ ಹತ್ತುವುದರಲ್ಲಿ ಅತ್ಯಂತ ಅಪಾಯದ ಘಟ್ಟ ಯಾವುದು ಎಂದು ಕೇಳಿದರೆ ಅನುಭವಸ್ಥರು ಕಡಿದಾದ ಏರು, ಜಾರುವ ಹಿಮ, ಮೇಲೆ ಹೋದಂತೆ ಸಾಲದಾಗುವ ಉಸಿರು ಎಂದೆಲ್ಲ ಹೇಳುತ್ತಾರೆ. ನನ್ನನ್ನು ಕೇಳಿ. ಹೊರಟಿದ್ದೇನೆ ಎಂದು ಮನೆಯಲ್ಲಿ ಬಾಯಿಬಿಡುವ ಗಳಿಗೆ ಇದೆಯಲ್ಲ, ಅದರ ಮುಂದೆ ಹಿಮಾಲಯವೆಲ್ಲ ಏನೂ ಅಲ್ಲ. ಹೇಳದೆ ಹೋದವರು ಹಾಯಾಗಿ ಹೋಗಿ ಹಾಯಾಗಿ ಬರುತ್ತಾರೆ. ಹೇಳಿದವರ ಪಾಡು ನನ್ನ ಪಾಡಿನಂತಾಗುತ್ತದೆ. ಇದನ್ನು ನಾನು ಜ್ಞಾನದಿಂದ ಹೇಳುತ್ತಿಲ್ಲ, ಹೊಟ್ಟೆಯ ಅನುಭವದಿಂದ ಹೇಳುತ್ತಿದ್ದೇನೆ.

ನಾನು ಧಾರವಾಡದವನು, ಪುಣೆಗೆ ಬಂದು ಕೂದಲು ಕಳೆದುಕೊಂಡವನು. ಶಿವಾಜಿನಗರದ ಒಂದು ವಿಮಾ ಕಚೇರಿಯಲ್ಲಿ ಕೆಲಸ, ಬಿಬವೇವಾಡಿಯಲ್ಲಿ ಮನೆ. ಮನೆಯಲ್ಲಿ ಹೆಂಡತಿ ವಸುಧಾ ಮತ್ತು ಅವಳ ತಾಯಿ, ಅಂದರೆ ನಮ್ಮ ಅತ್ತೆಯವರು. ನಿವೃತ್ತಿ ಹತ್ತಿರ ಬಂದಾಗ ನನಗೊಂದು ಆಸೆ ಹುಟ್ಟಿತು. ಜೀವನದಲ್ಲಿ ಒಂದೇ ಒಂದು ಸಲ ಎಲ್ಲರಿಗಿಂತ ಮೇಲೆ ನಿಂತು ಕೆಳಗೆ ನೋಡಬೇಕು. ಕಚೇರಿಯಲ್ಲಂತೂ ಅದು ಆಗಲಿಲ್ಲ. ಈ ಆಸೆಗೆ ಎಣ್ಣೆ ಹೊಯ್ದವನು ನಮ್ಮ ಮೇಲಿನ ಮನೆಯ ಚೇತನ್. ಮೈಸೂರಿನ ಹುಡುಗ, ಹಿಂಜೇವಾಡಿಯಲ್ಲಿ ಸಾಫ್ಟ್‌ವೇರ್ ಕೆಲಸ. "ಅಂಕಲ್, ನಮ್ಮ ಗ್ರೂಪಲ್ಲಿ ಒಂದು ಸೀಟ್ ಇದೆ, ಬನ್ನಿ. ಸಂಜೆ ಮೇಲಿನ ಕ್ಯಾಂಪು, ನಡುರಾತ್ರಿ ಗೈಡ್ ಜೊತೆ ಹೊರಟ್ರೆ ಸನ್‌ರೈಸ್‌ಗೆ ಸರಿಯಾಗಿ ಸಮ್ಮಿಟ್. ಸಖತ್ತಾಗಿರುತ್ತೆ" ಎಂದ. ಚಾರಣ ಏರ್ಪಡಿಸುವ ಸಂಸ್ಥೆಯವರು ಅರವತ್ತು ದಾಟಿದವರನ್ನು ಕರೆದೊಯ್ಯುವುದಿಲ್ಲವಂತೆ. ನನಗೆ ಐವತ್ತೊಂಬತ್ತು. ಈ ಬೇಸಿಗೆ ಬಿಟ್ಟರೆ ಶಿಖರ ನನ್ನ ಪಾಲಿಗೆ ಇಲ್ಲ. ಅಂಗಡಿ ಬಾಗಿಲು ಹಾಕುವ ಹೊತ್ತಿಗೆ ಓಡಿ ಬಂದ ಗಿರಾಕಿಯಂತೆ ನಾನು ಹೆಸರು ಕೊಟ್ಟುಬಿಟ್ಟೆ.

ಗೈಡ್ ಎಂದರೆ ಹುರಿಮೀಸೆಯ ಪರ್ವತವಾಸಿ ಒಬ್ಬ ಬರುತ್ತಾನೆ ಎಂದುಕೊಂಡಿದ್ದೆ. ಬಂದವಳು ಕೇತಕಿ ಎಂಬ ಇಪ್ಪತ್ತಾರರ ಮರಾಠಿ ಹುಡುಗಿ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ನಡುಭಾಗದಲ್ಲಿ ಅವಳ ಕಣ್ಣು ಸ್ವಲ್ಪ ಹೆಚ್ಚು ಹೊತ್ತು ನಿಂತಿತು. ಆಮೇಲೆ ಮರಾಠಿಯಲ್ಲಿ, "ಕಾಕಾ, ಹೊರಡುವ ಮುಂಚೆ ಬೆನ್ನ ಮೇಲೆ ಚೀಲ ಹೊತ್ತು ಸಿಂಹಗಡ ಹತ್ತಿ ತೋರಿಸಬೇಕು. ನಾನು ಗಡಿಯಾರ ಹಿಡಿದು ಮೇಲೆ ನಿಂತಿರುತ್ತೇನೆ. ಹೊತ್ತು ಮೀರಿದರೆ ಕರೆದುಕೊಂಡು ಹೋಗುವುದಿಲ್ಲ. ಅದಕ್ಕೆ ಮೊದಲು ಈ ಹೊಟ್ಟೆ ಇಳಿಯಬೇಕು" ಎಂದಳು. ನನ್ನ ಹೊಟ್ಟೆಯ ಬಗ್ಗೆ ಇಷ್ಟು ನೇರವಾಗಿ ಡಾಕ್ಟರರೂ ಮಾತಾಡಿರಲಿಲ್ಲ. ಸಿಂಹಗಡಕ್ಕೆ ನಾನು ಎಷ್ಟೋ ಸಲ ಹೋಗಿದ್ದೆನಾದರೂ ಪ್ರತಿ ಸಲವೂ ಜೀಪಿನಲ್ಲಿ ಹೋಗಿ, ಕಡಲೆಹಿಟ್ಟಿನ ಪಿಠಲ, ಜೋಳದ ಭಾಕರಿ ತಿಂದು, ಮಡಕೆ ಮೊಸರು ಸವಿದು, ಶಿವಾಜಿ ಮಹಾರಾಜರ ಕಾಲದ ಜನರ ಕಷ್ಟಸಹಿಷ್ಣುತೆಯನ್ನು ಹೊಗಳುತ್ತ ಜೀಪಿನಲ್ಲೇ ಇಳಿದವನು.

ಆದರೂ ಶುರು ಮಾಡಿದೆ. ದೊಡ್ಡ ಬೂಟು ಕೊಂಡೆ. ಅದು ಕಾಲಿಗೆ ಪಳಗಬೇಕೆಂದು ಹಾಕಿಕೊಂಡೇ ತರಕಾರಿ ತರಲು ಹೋಗತೊಡಗಿದೆ. ಕೊತ್ತಂಬರಿ ಮಾರುವವಳು, "ಸಾಹೇಬರಿಗೆ ಮಿಲಿಟರಿಯಲ್ಲಿ ನೌಕರಿ ಆಯಿತೇ?" ಎಂದು ಕೇಳಿದಳು. ಬೆನ್ನುಚೀಲದಲ್ಲಿ ಭಾರಕ್ಕಾಗಿ ಕಡಲೆಬೇಳೆಯ ಪೊಟ್ಟಣಗಳನ್ನು ತುಂಬಿಕೊಂಡು ದಿನಾ ಬೆಳಿಗ್ಗೆ ಅಪಾರ್ಟ್‌ಮೆಂಟಿನ ಮೆಟ್ಟಿಲು ಹತ್ತಿ ಇಳಿದೆ. ಹೊಟ್ಟೆ ನಿಜವಾಗಿಯೂ ಸ್ವಲ್ಪ ಇಳಿಯಿತು. ಬೆಲ್ಟಿಗೆ ಹೊಸ ತೂತು ಹೊಡೆಸಿಕೊಂಡು ಬಂದ ದಿನ ನನಗಾದ ಸಂತೋಷ ಬಡ್ತಿ ಸಿಕ್ಕಾಗಲೂ ಆಗಿರಲಿಲ್ಲ. ಅದೇ ಸಂತೋಷದಲ್ಲಿ ನಾನು ಬಾಯಿಬಿಟ್ಟೆ.

"ಅಳಿಯಂದ್ರ, ಇದೇನ್ರಿ ಬೂಟು, ಚೀಲಾ? ಎಲ್ಲಿಗೆ ಹೊಂಟೀರಿ?" ಎಂದು ಅತ್ತೆಯವರು ಕೇಳಿದರು.

"ಕೇದಾರದ ಕಡೆ ಒಂದು ಶಿಖರ ಅದರಿ, ಅತ್ತಿ. ಅದನ್ನ ಹತ್ತಬೇಕಂತ."

ಅತ್ತೆಯವರು ಕಣ್ಣಿಗೆ ಸೆರಗು ಒತ್ತಿಕೊಂಡರು. "ಕೇದಾರ! ನಡಕೋತ! ಈಗಿನ ಕಾಲದಾಗ ಎಲ್ಲಾರೂ ಹೆಲಿಕಾಪ್ಟರ್‌ನಾಗ ಹೋಗ್ತಾರ. ನಮ್ಮ ವಸೂನ ಪುಣ್ಯಾ ದೊಡ್ಡದು." ಅಲ್ಲಿ ಗುಡಿ ಇಲ್ಲ, ಬರೀ ಬಂಡೆ ಮತ್ತು ಹಿಮ, ಅವರ ಮಾತಿನಲ್ಲಿ ಬರ್ಫ, ಎಂದು ನಾನು ಬಿಡಿಸಿ ಹೇಳಿದೆ. "ದೇವರು ಗುಡಿಯಾಗಷ್ಟ ಇರ್ತಾನೇನ್ರಿ?" ಎಂದರು. ಅಂದೇ ಸಂಜೆ ಅವರು ಫೋನು ಹಿಡಿದು ಕೂತರು. ನಮ್ಮ ಕಡೆಯ ಒಂದು ಪದ್ಧತಿ ನಿಮಗೆ ಗೊತ್ತಿರಬಹುದು. ಕಾಶಿ, ಬದರಿ, ಕೇದಾರಕ್ಕೆ ಹೊರಟವರನ್ನು ಬಂಧುಬಳಗದವರು ಒಬ್ಬೊಬ್ಬರಾಗಿ ಮನೆಗೆ ಕರೆದು ಊಟ ಹಾಕಿ ಕಳಿಸಬೇಕು. ಹಾಗೆ ಊಟ ಹಾಕಿದವರಿಗೂ ಯಾತ್ರೆಯ ಪುಣ್ಯದಲ್ಲಿ ಒಂದು ಪಾಲು. ಕರೆದಾಗ ಒಲ್ಲೆ ಎನ್ನಬಾರದು. ಎಂದರೆ ಯಾತ್ರೆಗೆ ವಿಘ್ನ.

ಪುಣೆಯಲ್ಲಿ ಧಾರವಾಡ, ಬೆಳಗಾವಿ ಕಡೆಯ ಮನೆಗಳು ಎಷ್ಟಿವೆ ಎಂಬುದು ನನಗೆ ಆ ತಿಂಗಳು ತಿಳಿಯಿತು. ಸಹಕಾರನಗರದಲ್ಲಿ ಹೂರಣದ ಹೋಳಿಗೆ, ಮೇಲೆ ತುಪ್ಪದ ಅಭಿಷೇಕ. ಕೋಥರೂಡದಲ್ಲಿ ಮತ್ತೆ ಹೋಳಿಗೆ, ಜೊತೆಗೆ ಬೆಳಗಾವಿಯಿಂದ ತರಿಸಿದ ಕುಂದಾ. ಇನ್ನೊಂದು ಮನೆಯಲ್ಲಿ ಮಂಡಿಗೆ. "ತಿನ್ರಿ, ಮಂಡಿಗಿ ಭಾಳ ಹಗುರ. ಗಾಳಿ ತಿಂದ್ಹಂಗ" ಎಂದು ಆ ಮನೆಯ ಯಜಮಾನಿ ನಾಲ್ಕು ಮಡಿಕೆ ಗಾಳಿಯನ್ನು ನನ್ನ ಎಲೆಗೆ ಹಾಕಿದರು. ನಾನು ಕೈ ಅಡ್ಡ ಹಿಡಿದರೆ, "ಗುಡ್ಡಾ ಹತ್ತೋರಿಗೆ ಶಕ್ತಿ ಬ್ಯಾಡೇನ್ರಿ?" ಎನ್ನುವರು. ಗೈಡ್ ಬೇಡ ಅಂದಿದ್ದಾಳೆ ಎಂದರೆ, "ಆ ಹುಡುಗಿ ಕೇದಾರಕ್ಕಿಂತ ದೊಡ್ಡಾಕೀ ಏನು?" ಎನ್ನುವರು. ನಮ್ಮ ಮನೆಯಲ್ಲಿಯೂ ನೆಂಟರು ಬಂದ ದಿನ ಬೇಳೆ ಸಾಲಲಿಲ್ಲವೆಂದು ವಸುಧಾ ನನ್ನ ಬೆನ್ನುಚೀಲಕ್ಕೇ ಕೈಹಾಕಿದಳು. ಬೆನ್ನಿನ ಮೇಲಿದ್ದ ಕಡಲೆಬೇಳೆ ಹೋಳಿಗೆಯಾಗಿ ಹೊಟ್ಟೆಗೆ ಬಂತು. ಹೊರುವ ಭಾರ ಅಷ್ಟೇ, ಜಾಗ ಮಾತ್ರ ಹಿಂದಿನಿಂದ ಮುಂದಕ್ಕೆ ಬದಲಾಯಿತು. ಬೆಲ್ಟಿನ ಹೊಸ ತೂತಿನ ಸುದ್ದಿ ಬಿಡಿ, ಹಳೆಯ ತೂತುಗಳೂ ನನ್ನ ಕೈಬಿಟ್ಟವು.

ಪರೀಕ್ಷೆಯ ಭಾನುವಾರ ಬಂತು. ಸಿಂಹಗಡದ ಬುಡದಿಂದ ಹೊರಟೆ. ಅರ್ಧ ದಾರಿಗೇ ಎದೆ ಬಡಿಯುವ ಸದ್ದು ಹಿಂದಿನವರಿಗೂ ಕೇಳಿಸುತ್ತಿತ್ತೋ ಏನೋ, ಅವರೆಲ್ಲ ನನ್ನನ್ನು ಬಳಸಿ ಮುಂದೆ ಹೋದರು. ಒಬ್ಬಾಕೆ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ನನ್ನನ್ನು ದಾಟಿದಳು. ಆ ಮಗು ನನಗೆ ಟಾಟಾ ಮಾಡಿತು. ಮೇಲೆ ಮುಟ್ಟಿದಾಗ ಕೇತಕಿ ಗಡಿಯಾರವನ್ನು ಜೇಬಿಗಿಟ್ಟು ಕೂತಿದ್ದಳು. "ಕಾಕಾ, ಈ ಸಲ ಆಗುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ, ಮುಂದಿನ ತಿಂಗಳು ಇನ್ನೊಂದು ತಂಡ ಇದೆ, ಈ ವರ್ಷದ ಕೊನೆಯದು. ತಯಾರಾಗಿ ಬನ್ನಿ" ಎಂದಳು. ಬೇಜಾರು ಮಾಡಿಕೊಳ್ಳಬೇಡಿ ಎಂದರೆ ಆಯಿತೇ? ಕೋಟೆಯ ಗೋಡೆಗೆ ಒರಗಿ ಕೂತು ನಾನು ಅತ್ತುಬಿಟ್ಟೆ. ಬೆವರು ಒರೆಸಿಕೊಳ್ಳುವ ನೆಪ ಇದ್ದದ್ದರಿಂದ ಮಾನ ಉಳಿಯಿತು.

ಮನೆಗೆ ಹೋಗಿ ಇದ್ದದ್ದನ್ನು ಹೇಳಿಬಿಡೋಣ ಎಂದು ಗಟ್ಟಿ ಮಾಡಿಕೊಂಡು ಬಂದೆ. ಬಾಗಿಲ ತುಂಬ ಚಪ್ಪಲಿಗಳು. ಒಳಗೆ, ನನಗೆ ಊಟ ಹಾಕಿದ್ದ ಅಷ್ಟೂ ಮನೆಯವರು ನನ್ನನ್ನು ಬೀಳ್ಕೊಡಲು ಸೇರಿದ್ದಾರೆ! ನನ್ನನ್ನು ಮಣೆಯ ಮೇಲೆ ಕೂಡಿಸಿದರು, ಶಾಲು ಹೊದಿಸಿದರು, ಆರತಿ ಎತ್ತಿದರು. ನಾನು ಬಾಯಿ ತೆರೆದಾಗ ಪೇಢೆ ಇಟ್ಟರು. ಸಹಕಾರನಗರದ ರಾಯರು, ನನಗಿಂತ ಹಿರಿಯರು, ಬಗ್ಗಿ ನನ್ನ ಕಾಲು ಮುಟ್ಟಿದರು. ಇನ್ನು ಹೇಳುವುದು ಹೇಗೆ? ಆ ರಾತ್ರಿಯೇ ವಸುಧಾಳಿಗೆ ಮಾತ್ರ ಗುಟ್ಟು ಬಿಚ್ಚಿದೆ. ಅವಳು ಹಣೆ ಚಚ್ಚಿಕೊಂಡು, "ಆರತಿ ಮಾಡಿಸಿಕೊಂಡ ಮ್ಯಾಲೆ ಮನ್ಯಾಗ ಕೂಡಲಿಕ್ಕೆ ಬರೂದಿಲ್ಲರಿ. ಎಲ್ಲಿಗರೆ ಹೋಗ್ರಿ" ಎಂದಳು.

ಹೋದೆ. ಪುಣೆ ಸ್ಟೇಷನ್ನಿಗೆ ಅಷ್ಟೂ ಜನ ಕಳಿಸಲು ಬಂದಿದ್ದರು. ಚೇತನ್ ಮತ್ತು ಅವನ ಗೆಳೆಯರ ಜೊತೆ ದಿಲ್ಲಿಯ ಗಾಡಿ ಹತ್ತಿ, ಕೈ ಬೀಸಿ, ಸ್ವಲ್ಪವೇ ಮುಂದಿನ ದೌಂಡ್ ಸ್ಟೇಷನ್ನಿನಲ್ಲಿ ಇಳಿದುಬಿಟ್ಟೆ. ಚೇತನ್ ಕಿಟಕಿಯಿಂದ, "ಅಂಕಲ್, ಟೇಕ್ ಕೇರ್, ಫೋಟೋ ಕಳಿಸ್ತೀನಿ" ಎಂದ. ಅಲ್ಲಿಂದ ಕೆಂಪು ಬಸ್ಸು ಹಿಡಿದು ಇಂದಾಪುರ. ನನ್ನ ಹಳೆಯ ಸಹೋದ್ಯೋಗಿ ಪಾಟೀಲರು ನಿವೃತ್ತರಾಗಿ ಅಲ್ಲಿ ಕಬ್ಬು ಬೆಳೆಯುತ್ತಾರೆ. ಪುಣೆಯ ಬಿಸಿಲು ಸಾಲದೆಂಬಂತೆ ಇಂದಾಪುರದ ಬಿಸಿಲಿನಲ್ಲಿ, ಉಣ್ಣೆ ಬಟ್ಟೆ ತುಂಬಿದ ಚೀಲವನ್ನು ತಲೆದಿಂಬು ಮಾಡಿಕೊಂಡು, ಕಬ್ಬು ನೋಡುತ್ತ ನನ್ನ ಹಿಮಾಲಯ ಯಾತ್ರೆಯನ್ನು ಮುಗಿಸಿದೆ. ಚೇತನ್ ಕಳಿಸಿದ ಶಿಖರದ ಫೋಟೋದಲ್ಲಿ ಎಲ್ಲರೂ ಇದ್ದರು. ನಾನೇಕಿಲ್ಲ ಎಂದು ಕೇಳಿದವರಿಗೆ, ತೆಗೆದವನೇ ನಾನು ಎಂದೆ. ಗಂಗಾಜಲ ತುಂಬಿ ಬೆಸೆದ ಪುಟ್ಟ ತಾಮ್ರದ ಗಿಂಡಿಗಳನ್ನು ಪುಣೆಯ ಪೂಜಾ ಸಾಮಾನಿನ ಅಂಗಡಿಯಲ್ಲಿ ಕೊಂಡು ಹಂಚಿದೆ. ಗಂಗೆ ನಿಜವಾದದ್ದೇ, ಬಂದದ್ದು ಮಾತ್ರ ನನ್ನ ಜೊತೆಯಲ್ಲಲ್ಲ.

ಇಷ್ಟಕ್ಕೆ ಮುಗಿಯಿತೆಂದು ನೀವು ತಿಳಿದರೆ ನಮ್ಮ ಜನ ನಿಮಗೆ ಗೊತ್ತಿಲ್ಲ. ಹೋಗುವಾಗ ಕರೆದವರು ಬಂದಾಗಲೂ ಕರೆಯಬೇಕಲ್ಲ! ಯಾತ್ರೆಯಿಂದ ಬಂದವರನ್ನು ಕರೆದು ಊಟ ಹಾಕಿದರೆ ಪುಣ್ಯ ಇನ್ನೂ ಹೆಚ್ಚು. ಮೊದಲ ಫೋನು ಕೋಥರೂಡದಿಂದ ಬಂದಾಗ ನನ್ನ ಮುಖ ಬಿಳುಚಿದ್ದನ್ನು ವಸುಧಾ ನೋಡಿದಳು. ಫೋನಿಗೆ ಕೈ ಅಡ್ಡ ಹಿಡಿದು, "ಖರೇ ಹೇಳ್ರಿ, ನಿಮಗ ಆ ಗುಡ್ಡಾ ಹತ್ತಲೇಬೇಕಂತ ಅದ ಏನು?" ಎಂದಳು.

"ಅದ" ಎಂದೆ. ಮದುವೆಯಾದಂದಿನಿಂದ ನಾನು ಅವಳ ಮುಂದೆ ಅಷ್ಟು ಖಚಿತವಾಗಿ ಏನನ್ನೂ ಹೇಳಿದ್ದಿಲ್ಲ.

ಅವಳು ಫೋನಿನಿಂದ ಕೈ ತೆಗೆದು, "ಬರ್ತಾರ್ರಿ, ಆದ್ರ ಅವ್ರು ಅಲ್ಲಿ ಹೋಳಿಗಿ ಬಿಟ್ಟು ಬಂದಾರ್ರಿ. ಎಲ್ಲಾ ಸಿಹೀನೂ, ತುಪ್ಪಾನೂ. ಒಂದ ಚೂರು ಭಾಕ್ರಿ ಪಲ್ಯ ಸಾಕು" ಎಂದುಬಿಟ್ಟಳು. ಯಾತ್ರೆಗೆ ಹೋದವರು ತಮಗೆ ಇಷ್ಟವಾದ ಒಂದು ತಿನಿಸನ್ನು ಅಲ್ಲಿ ಬಿಟ್ಟು ಬರುವ ರೂಢಿ ಇದೆ. ಬಿಟ್ಟರೆ ಬದುಕಿರುವ ತನಕ ಬಿಟ್ಟ ಹಾಗೆ. ಬುದ್ಧಿವಂತರು ಹಾಗಲಕಾಯಿ ಬಿಡುತ್ತಾರೆ. ನಮ್ಮ ಸೋದರಮಾವ ಒಬ್ಬರು ಜನ್ಮದಲ್ಲಿ ಮುಟ್ಟದ ಹೀರೇಕಾಯಿಯನ್ನು ಕಾಶಿಯಲ್ಲಿ ಬಿಟ್ಟು ಬಂದು ಊರೆಲ್ಲ ಹೇಳಿಕೊಂಡು ತಿರುಗಿದರು. ನನ್ನ ಪರವಾಗಿ ನನ್ನ ಹೆಂಡತಿ, ಅದೂ ನಾನು ಹೋಗದೇ ಇದ್ದ ಕ್ಷೇತ್ರದಲ್ಲಿ, ಹೋಳಿಗೆಯನ್ನೇ ಬಿಟ್ಟಳು! ಅಯ್ಯೋ, ಹಾಗಲಕಾಯಿ ಎಂದಿದ್ದರೆ ಆಗುತ್ತಿರಲಿಲ್ಲವೇ ಎಂದು ಕೇಳಿದ್ದಕ್ಕೆ, "ಹಾಗಲಕಾಯಿ ತಿಂದು ನಿಮ್ಮ ಹೊಟ್ಟಿ ಬಂದದ ಏನು?" ಎಂದಳು.

ಮದ್ದು ಕೆಲಸ ಮಾಡಿತು. ಯಾವ ಮನೆಗೆ ಹೋದರೂ ಪಂಕ್ತಿಯಲ್ಲಿ ಹೋಳಿಗೆ ಬಡಿಸುವವರು ನನ್ನ ಎಲೆಯ ಮುಂದೆ ಬಂದಾಗ ಕಣ್ಣಲ್ಲೇ ಕೈಮುಗಿದು ಮುಂದೆ ಹೋಗುತ್ತಿದ್ದರು. ಪಕ್ಕದ ಎಲೆಯ ತುಪ್ಪದ ವಾಸನೆಯನ್ನು ಮೂಗಿಗೆ ತುಂಬಿಕೊಂಡು ನಾನು ವೈರಾಗ್ಯದ ಮುಖ ಮಾಡುತ್ತಿದ್ದೆ. ಒಳಗೆ ಏನಾಗುತ್ತಿತ್ತು ಎಂಬುದನ್ನು ಬರೆಯಲಾರೆ. ಆದರೆ ಬೆಲ್ಟು ಮತ್ತೆ ಹೊಸ ತೂತಿಗೆ ಬಂತು. ತಿಂಗಳ ಕೊನೆಯ ಭಾನುವಾರ ಗುಟ್ಟಾಗಿ ಸಿಂಹಗಡಕ್ಕೆ ಹೋಗಿ ಹತ್ತಿದೆ. ಕೇತಕಿ ಗಡಿಯಾರ ನೋಡಿದಳು, ನನ್ನನ್ನು ನೋಡಿದಳು, ಇನ್ನೊಮ್ಮೆ ಗಡಿಯಾರ ನೋಡಿ, "ಕಾಕಾ, ಚೀಲ ಕಟ್ಟಿಕೊಳ್ಳಿ" ಎಂದಳು. ಯಾರಿಗಾದರೂ ಹೇಳಬೇಕೆಂದು ಬಾಯಿ ತುಡಿಯಿತು. ಹೇಳುವುದು ಯಾರಿಗೆ? ಊರಿನ ಲೆಕ್ಕದಲ್ಲಿ ನಾನು ಹೋಗಿ ಬಂದಾಗಿತ್ತಲ್ಲ.

ಅತ್ತೆಯವರಿಗೆ, ಕಚೇರಿಯ ಕೆಲಸಕ್ಕೆ ಹನ್ನೆರಡು ದಿನ ಇಂದಾಪುರಕ್ಕೆ ಹೋಗಬೇಕಾಗಿದೆ ಎಂದು ಹೇಳಿದೆ. ಮೊದಲ ಸಲ ಹಿಮಾಲಯ ಎಂದು ಹೇಳಿ ಇಂದಾಪುರಕ್ಕೆ ಹೋದವನು, ಈ ಸಲ ಇಂದಾಪುರ ಎಂದು ಹೇಳಿ ಹಿಮಾಲಯಕ್ಕೆ ಹೊರಟಿದ್ದೆ. ಇಂದಾಪುರಕ್ಕೆ ಹೋಗುವವನನ್ನು ಯಾರೂ ಊಟಕ್ಕೆ ಕರೆಯಲಿಲ್ಲ, ಆರತಿ ಎತ್ತಲಿಲ್ಲ. ನನಗೆ ಬೇಕಾಗಿದ್ದದ್ದೂ ಅದೇ. ಆದರೂ ನಿಮ್ಮ ಮುಂದೆ ಮುಚ್ಚಿಡುವುದೇನು, ಹೊರಡುವ ಮುಂಚಿನ ಎರಡು ದಿನ ಫೋನು ಬಂದಾಗಲೆಲ್ಲ ನಾನು ಆಸೆಯಿಂದ ಎದ್ದು ನೋಡಿದ್ದುಂಟು. ಈ ಸಲ ನನಗೆ ನಿಜವಾಗಿಯೂ ಹೆದರಿಕೆಯಾಗಿತ್ತು. ಯಾರಾದರೂ ತಲೆಯ ಮೇಲೆ ಎರಡು ಅಕ್ಷತೆ ಹಾಕಿದ್ದರೆ ಚೆನ್ನಾಗಿತ್ತು ಎನಿಸುತ್ತಿತ್ತು. ಹೊರಡುವ ದಿನ ಬೆಳಿಗ್ಗೆ ಉಪ್ಪಿಟ್ಟು ತಿನ್ನುತ್ತ, "ಅತ್ತಿ, ಇವತ್ತು ಸ್ಪೆಶಲ್ ಏನಿಲ್ಲೇನ್ರಿ?" ಎಂದು ಮೆಲ್ಲಗೆ ಕೇಳಿಯೇಬಿಟ್ಟೆ.

"ಇಂದಾಪುರಕ್ಕ ಹೋಗೋರಿಗೆ ಯಾರು ಸ್ಪೆಶಲ್ ಮಾಡ್ತಾರ್ರಿ?" ಎಂದು ಅವರು ಒಳಗೆ ಹೋದರು.

ನಾನು ಪೆಚ್ಚಾಗಿ ಬಾಗಿಲಲ್ಲಿ ಕೂತು ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದೆ. ಅತ್ತೆಯವರು ಹಿಂದಿನಿಂದ ಬಂದು ತಲೆಯ ಮೇಲೆ ನಾಲ್ಕು ಕಾಳು ಅಕ್ಷತೆ ಹಾಕಿದರು. ಆಮೇಲೆ ತಮ್ಮ ಉಣ್ಣೆಯ ಮಫ್ಲರನ್ನು ನನ್ನ ಕೊರಳಿಗೆ ಎರಡು ಸುತ್ತು ಸುತ್ತಿ, "ಇರಲಿ ಅಳಿಯಂದ್ರ, ಬೆಚ್ಚಗ ಹೋಗ್ರಿ. ಇಂದಾಪುರದಾಗ ಬರ್ಫ ಭಾಳ ಬೀಳತದಂತ" ಎಂದರು.