ಕೂಸಿಗೆ ಹೆಸರಿಡಲು ಸಾವಿರ ಆಟ ಕೇಳಿದ ಅಂಕಿಅಂಶದ ಪುಟಕ್ಕೆ

ಗೆ,
ಮಾನ್ಯ ಅಂಕಿಅಂಶದ ಪುಟದವರು,
ಪೋಕರ್ ಆಟದ ಆ್ಯಪ್ಪು, ಮೇಲಿನ ಮೂಲೆಯ ಮೂರು ಗೆರೆ ಒತ್ತಿದರೆ ಸಿಗುವ ವಿಳಾಸ.

ಮಾನ್ಯರೇ,

ತಾವು ಗಂಡಸೋ ಹೆಂಗಸೋ, ಮನುಷ್ಯರೋ ಯಂತ್ರವೋ ತಿಳಿಯದ ಕಾರಣ ಎಲ್ಲ ಬಗೆಯ ನಮಸ್ಕಾರಗಳನ್ನೂ ಒಟ್ಟಿಗೆ ಕಳಿಸುತ್ತಿದ್ದೇನೆ, ತಮಗೆ ಹೊಂದುವುದನ್ನು ಇಟ್ಟುಕೊಂಡು ಉಳಿದದ್ದನ್ನು ಹಿಂದಿರುಗಿಸಬೇಕಾಗಿ ವಿನಂತಿ. ನಾನು ನಂಜನಗೂಡು ತಾಲ್ಲೂಕು ಹದಿನಾರು ಗ್ರಾಮದ ದೇವೀರಮ್ಮ. ಓದಿದ್ದು ಮೂರನೆಯ ಕ್ಲಾಸೇ ಆದರೂ ಊರಿನ ಹೆಸರಿನಲ್ಲೇ ಅಂಕಿ ಇರುವುದರಿಂದ ಲೆಕ್ಕವೆಂದರೆ ಹೆದರುವ ಪೈಕಿಯಲ್ಲ. ಈ ಪತ್ರವನ್ನು ಎಲ್ಲರೂ ಓದಲಿ ಎಂದೇ ಬರೆದಿದ್ದೇನೆ, ಏಕೆಂದರೆ ತಮ್ಮ ಘನವಾದ ಎಚ್ಚರಿಕೆಯಿಂದಾಗಿ ನಮ್ಮ ಮನೆಯ ಒಂದು ಹೆಣ್ಣುಕೂಸು ಐದು ತಿಂಗಳು ಹೆಸರಿಲ್ಲದೆ ತೊಟ್ಟಿಲಲ್ಲಿ ಮಲಗಿತ್ತು.

ನನ್ನ ಮಗನ ಮಗಳು ಕವನ ಬಾಣಂತನಕ್ಕೆಂದು ನಮ್ಮ ಮನೆಗೆ ಬಂದು ಈ ಕೂಸನ್ನು ಹೆತ್ತಳು. ಅದಕ್ಕೆ ನಮ್ಮತ್ತೆ ಪುಟ್ಟಗೌರಮ್ಮನವರ ಹೆಸರಿಡಬೇಕೆಂಬುದು ನನ್ನ ಆಸೆ. ಆದರೆ ಕವನಳ ಗಂಡನ ಅಜ್ಜಿ, ಅಂದರೆ ತಿ. ನರಸೀಪುರದ ನಮ್ಮ ಬೀಗಿತ್ತಿ ರುದ್ರಾಣಿಯವರು, ಮೂಗೂರಿನಲ್ಲಿ ಹುಟ್ಟಿದ ಹೆಂಗಸಾದ್ದರಿಂದ ತಮ್ಮ ತವರಿನ ದೇವಿಯ ಹೆಸರು ತ್ರಿಪುರಸುಂದರಿ ಎಂದೇ ಆಗಬೇಕೆಂದು ಹಟ ಹಿಡಿದರು. ದೇವಿಗೆ ನಾನೂ ಕೈಮುಗಿಯುವವಳೇ, ಆದರೆ ಅಷ್ಟುದ್ದದ ಹೆಸರನ್ನು ಬಾಗಿಲಲ್ಲಿ ನಿಂತು ಕೂಗಿ ಮುಗಿಸುವಷ್ಟರಲ್ಲಿ ಮಗು ಬೀದಿ ದಾಟಿ ಆಚೆ ಹೋಗಿರುತ್ತದೆ ಎಂದೆ. ಪುಟ್ಟಗೌರಮ್ಮ ಎಂದು ಕರೆದರೆ ಮಗು ತೊಟ್ಟಿಲಲ್ಲೇ ಎಲೆಯಡಿಕೆ ಕೇಳುತ್ತದೆ ಎಂದು ಅವರೆಂದರು. ಮಗು ನೋಡಲು ಒಂದು ದಿನಕ್ಕೆ ಬಂದವರು ಈ ಮಾತು ಮುಗಿಸಲೆಂದೇ ನಾಲ್ಕು ದಿನ ಉಳಿದರು.

ನಮ್ಮಿಬ್ಬರ ಬಾಯಿ ತಡೆಯಲಾರದೆ ಕವನ ಇಬ್ಬರ ಮೊಬೈಲಿಗೂ ಈ ಪೋಕರ್ ಹಾಕಿಕೊಟ್ಟಳು. ದುಡ್ಡಿನ ಮಾತಿಲ್ಲ, ಬರೀ ಬಣ್ಣದ ಬಿಲ್ಲೆ. ಕೈಯಲ್ಲಿ ಎರಡೆಲೆ, ಎಲ್ಲರೆದುರು ಐದೆಲೆ, ಮುನ್ನೂರು ಜನ ಕೂತು ಕೊನೆಗೆ ಒಬ್ಬರು ಉಳಿಯುವ ಪಂದ್ಯ. ಕೈಯಲ್ಲಿ ಏನೂ ಇಲ್ಲದಿದ್ದರೂ ಎಲ್ಲಾ ಇರುವವರ ಹಾಗೆ ಗಟ್ಟಿಯಾಗಿ ಕೂರಬೇಕಾದ ಆಟವೆಂದು ತಿಳಿದ ಕೂಡಲೇ, ಮದುವೆ ಮಾತುಕತೆಗಳಲ್ಲಿ ಪಳಗಿದ್ದ ನಮ್ಮಿಬ್ಬರಿಗೂ ಅದು ಸಲೀಸಾಗಿ ಹಿಡಿಯಿತು. ತಾವು ಯಾರನ್ನು ಹೆಚ್ಚು ಕುಶಲರೆಂದು ಹೇಳುತ್ತೀರೋ ಅವರೇ ಕೂಸಿಗೆ ಹೆಸರಿಡುವುದೆಂದು ಒಪ್ಪಂದ ಮಾಡಿಕೊಂಡೆವು. ತಮ್ಮ ಮೇಲೆ ನಮಗಿದ್ದ ನಂಬಿಕೆ ಅಂಥದ್ದು, ಅದನ್ನು ನೆನೆದರೆ ಈಗ ನಗು ಬರುತ್ತದೆ.

ಮೊದಲನೆಯ ಪಂದ್ಯದಲ್ಲಿ ನಾನು ನಾಲ್ಕನೆಯವಳಾದೆ, ಬೀಗಿತ್ತಿ ಇನ್ನೂರ ಹನ್ನೊಂದನೆಯವರಾದರು. ನಾನು ಆಗಲೇ ಒಲೆಯ ಮೇಲೆ ಪಾಯಸಕ್ಕಿಟ್ಟಿದ್ದೆ. ಅಷ್ಟರಲ್ಲಿ ತಮ್ಮ ಪುಟ ತೆರೆದು ಕವನ ಓದಿದಳು, ಒಂದು ಪಂದ್ಯದಿಂದ ಯಾರ ಕೌಶಲ್ಯವನ್ನೂ ಅಳೆಯಲಾಗದು, ಇನ್ನಷ್ಟು ಆಡಿ ಎಂದು. ಬೀಗಿತ್ತಿಯವರು ಆ ಪಾಯಸವನ್ನೇ ಎರಡು ಲೋಟ ಕುಡಿದು, ತಮಗೆ ದೀರ್ಘಾಯುಸ್ಸು ಹಾರೈಸಿ, ಬಸ್ಸು ಹತ್ತಿ ತಿ. ನರಸೀಪುರಕ್ಕೆ ಹೊರಟರು.

ಸರಿ, ಹದಿನೈದು ದಿನದಲ್ಲಿ ಮೂವತ್ತು ಪಂದ್ಯ ಆಡಿದೆ. ಆಗ ತಾವು ದಯಪಾಲಿಸಿದ ಉತ್ತರವನ್ನು ಬಾಯಿಪಾಠ ಮಾಡಿದ್ದೇನೆ. ನನ್ನ ಗಳಿಕೆ ಶೇಕಡ ನಲವತ್ತು, ಆದರೆ ನಿಜವಾದ ಗಳಿಕೆ ಅರವತ್ತರ ನಷ್ಟದಿಂದ ಹಿಡಿದು ನೂರ ನಲವತ್ತರ ಲಾಭದವರೆಗೆ ಎಲ್ಲಿ ಬೇಕಾದರೂ ಇರಬಹುದು. ಆಹಾ, ಎಂಥ ಉತ್ತರ ಮಾನ್ಯರೇ. ನಂಜನಗೂಡಿನ ಬಸ್ ಸ್ಟ್ಯಾಂಡಿನಲ್ಲಿ ಮೈಸೂರು ಬಸ್ಸು ಎಷ್ಟೊತ್ತಿಗೆ ಎಂದು ಕೇಳಿದಾಗ ನಿನ್ನೆ ಬೆಳಿಗ್ಗೆಯಿಂದ ನಾಳೆ ಸಂಜೆಯೊಳಗೆ ಎಂದು ಹೇಳಿದರೆ ಯಾವ ಕಂಡಕ್ಟರೂ ಸುಳ್ಳುಗಾರನಾಗುವುದಿಲ್ಲ. ಸರಿಯಾಗಿ ಹೇಳಬೇಕಾದರೆ ಕನಿಷ್ಠ ಸಾವಿರ ಪಂದ್ಯ ಬೇಕೆಂದು ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿದ್ದಿರಿ. ದಿನಕ್ಕೆ ಎರಡರಂತೆ ಎಣಿಸಿದೆ, ಅಷ್ಟು ಆಡಿ ಮುಗಿಸುವುದರೊಳಗೆ ಕೂಸು ನಡೆದುಬಂದು ತನ್ನ ಹೆಸರು ಏನೆಂದು ನನ್ನನ್ನೇ ಕೇಳುತ್ತದೆ.

ಇತ್ತ ಲಸಿಕೆ ಹಾಕಿಸಲು ಹೋದಾಗ ಸಿಸ್ಟರು ಹೆಸರು ಕೇಳಿದರು. ಇನ್ನೂ ಲೆಕ್ಕ ಬಂದಿಲ್ಲ ಎಂದೆ. ಯಾವ ಲೆಕ್ಕವೆಂದು ಅವರಿಗೆ ತಿಳಿಯದೆ ಕಾರ್ಡಿನಲ್ಲಿ ಕವನಳ ಮಗು ಎಂದು ಬರೆದರು. ಮುಂದಿನ ತಿಂಗಳೂ ಹಾಗೇ, ಅದರ ಮುಂದಿನ ತಿಂಗಳೂ ಹಾಗೇ. ಮನೆಗೆ ಬಂದವರೆಲ್ಲ ಒಬ್ಬರು ಪಾಪು ಎನ್ನುವರು, ಒಬ್ಬರು ಚಿನ್ನಿ ಎನ್ನುವರು, ಕೂಸು ಯಾವುದಕ್ಕೂ ತಿರುಗುವುದಿಲ್ಲ, ಬೆಕ್ಕು ಮಾತ್ರ ಎಲ್ಲಕ್ಕೂ ತಿರುಗುತ್ತದೆ.

ಆಗ ನನಗೆ ಡೈರಿ ನೆನಪಾಯಿತು. ನಾನು ಮೂವತ್ತು ವರ್ಷ ಹಾಲು ಹಾಕಿದವಳು, ಒಂದು ದಿನದ ಫ್ಯಾಟು ನೋಡಿ ಹಸುವಿನ ಯೋಗ್ಯತೆ ಹೇಳಬಾರದೆಂಬುದು ನನಗೂ ಗೊತ್ತು, ಆ ಮಟ್ಟಿಗೆ ತಾವೂ ನಾನೂ ಒಂದೇ ಕಸುಬಿನವರು. ಆದರೆ ಡೈರಿಯಲ್ಲಿ ಕ್ಯಾನು ತುಂಬಲೆಂದು ಒಂದೇ ಹಸುವನ್ನು ಮೂರು ವರ್ಷ ಕರೆಯುತ್ತಾ ಕೂರುವುದಿಲ್ಲ, ಊರವರೆಲ್ಲ ತಂದು ಸುರಿಯುತ್ತಾರೆ. ಹಾಗೆಯೇ ನನ್ನ ಖಾತೆಯ ಗುಟ್ಟಿನ ಅಂಕಿಯನ್ನು ನಮ್ಮ ಬೀದಿಯ ಒಂಬತ್ತು ಜನರಿಗೆ ಕೊಟ್ಟು, ಬಿಡುವಾದಾಗಲೆಲ್ಲ ನನ್ನ ಹೆಸರಿನಲ್ಲಿ ಎರಡೆರಡು ಪಂದ್ಯ ಸುರಿಯಿರಪ್ಪಾ ಎಂದೆ. ಇದನ್ನು ಮೋಸವೆಂದು ಕರೆಯುವ ಮೊದಲು ತಾವು ಬೆಳಿಗ್ಗೆ ಕುಡಿದ ಕಾಫಿಯಲ್ಲಿ ಎಷ್ಟು ಮನೆಯ ಹಾಲಿತ್ತೆಂದು ಒಮ್ಮೆ ಯೋಚಿಸಬೇಕು.

ಕ್ಯಾನು ಬೇಗ ತುಂಬಿತು. ಬೆಳಿಗ್ಗೆ ಆರಕ್ಕೆ ರಿಟೈರಾದ ಡೈರಿ ಸೆಕ್ರೆಟರಿ ಮಹಾದೇವಸ್ವಾಮಿ ಕೂರುವರು, ಒಂದೊಂದು ಎಲೆಯನ್ನೂ ನೀರು ಬೆರೆತಿದೆಯೋ ಎಂಬಂತೆ ದಿಟ್ಟಿಸಿ ಕೆಳಗಿಡುವರು. ಒಂಬತ್ತಕ್ಕೆ ಕಲ್ಲಯ್ಯ, ಅವನಿಗೆ ಒಂಬತ್ತೂವರೆ ಬಸ್ಸಿಗೆ ಹೋಗಬೇಕಾದ್ದರಿಂದ ಕೂತ ಮೊದಲ ಎಲೆಗೇ ಇದ್ದಬದ್ದ ಬಿಲ್ಲೆಯನ್ನೆಲ್ಲ ತಳ್ಳಿ ಎದ್ದು ಹೋಗುವನು. ಇದನ್ನೆಲ್ಲ ಒಬ್ಬಳೇ ಹೆಂಗಸಿನ ಆಟವೆಂದು ತಿಳಿದ ತಾವು, ನಿಮ್ಮ ಶೈಲಿ ಬೆಳಿಗ್ಗೆ ಅತಿ ಎಚ್ಚರ, ಒಂಬತ್ತರ ಮೇಲೆ ಅತಿ ದುಡುಕು, ಮನಸ್ಸಿಗೆ ವಿಶ್ರಾಂತಿ ಬೇಕು ಎಂದು ಸಲಹೆ ಕೊಟ್ಟಿರಿ. ತಮ್ಮ ಕಾಳಜಿಗೆ ನನ್ನ ಕಣ್ಣು ತುಂಬಿತು.

ಬೀಗಿತ್ತಿಗೆ ವಾಸನೆ ಹತ್ತಿತು. ಒಂದು ಸಂಜೆ ಫೋನು ಮಾಡಿ, "ಏನ್ ಬೀಗ್ರಮ್ಮ, ನಿಮ್ ಖಾತೇಲಿ ದಿನಕ್ಕೆ ಇಪ್ಪತ್ತೈದು ಆಟ ಬತ್ತಾ ಅವೆ, ಮನೇಲಿ ಮುದ್ದೆ ತೊಳ್ಸೋರು ಯಾರು?" ಎಂದರು. ನಾನೂ ಅವರ ಖಾತೆ ನೋಡಿಯೇ ಇದ್ದೆ, ದಿನಕ್ಕೆ ಮೂವತ್ತು. ವಿಚಾರಿಸಿದರೆ ಅವರ ಬೀದಿಯ ಭಜನಾ ಮಂಡಳಿಯ ಹದಿಮೂರು ಹೆಂಗಸರು ಮಂಗಳಾರತಿ ಮುಗಿದ ಮೇಲೆ ಸಾಲಾಗಿ ಕೂತು ಆಡುತ್ತಿದ್ದರಂತೆ.

ಆರು ವಾರಕ್ಕೆ ಇಬ್ಬರದೂ ಸಾವಿರ ದಾಟಿತು. ತಾವು ಕೊನೆಗೂ ಬಾಯಿಬಿಟ್ಟಿರಿ. ರುದ್ರಾಣಿ, ಶೇಕಡ ಹನ್ನೊಂದು ನಷ್ಟ. ದೇವೀರಮ್ಮ, ಶೇಕಡ ಎಂಟು ನಷ್ಟ. ಇಬ್ಬರೂ ಸಾಮಾನ್ಯ ಆಟಗಾರರಿಗಿಂತ ಕೆಳಗೆ, ಇದು ಶೇಕಡ ತೊಂಬತ್ತೈದರಷ್ಟು ಖಚಿತ. ನಾವು ದಡ್ಡರೆಂದು ಹೇಳಲು ತಮಗೆ ಸಾವಿರ ಪಂದ್ಯ ಬೇಕಾಯಿತು, ನಮ್ಮ ಯಜಮಾನರಿದ್ದಿದ್ದರೆ ಒಂದು ಸಾರಿನ ರುಚಿಯಲ್ಲೇ ಹೇಳುತ್ತಿದ್ದರು. ಆದರೂ ಮೂರರಷ್ಟು ಕಡಿಮೆ ದಡ್ಡಿಯಾದದ್ದೂ ಗೆಲುವೇ ಎಂದು ನಾನು ಪುಟ್ಟಗೌರಮ್ಮನ ನಾಮಕರಣಕ್ಕೆ ದಿನ ಕೇಳಲು ಹೊರಟೆ.

ಬಾಗಿಲು ದಾಟಲು ಬಿಡಲಿಲ್ಲ ಬೀದಿಯವರು. ಹಾಲು ಹಾಕಿದವರಿಗೆಲ್ಲ ಬಟವಾಡೆ ಆಗಬೇಕು ತಾನೇ. ಕಲ್ಲಯ್ಯನಿಗೆ ಅವನ ಅವ್ವನ ಹೆಸರಾಗಬೇಕು, ಮಹಾದೇವಸ್ವಾಮಿಗಳಿಗೆ ಮೊದಲ ಅಕ್ಷರವಾದರೂ ಅವರದಾಗಬೇಕು, ಮಿಕ್ಕವರದು ಒಬ್ಬೊಬ್ಬರದು ಒಂದೊಂದು. ಇವರ ಬಾಯಿ ಮುಚ್ಚಿಸಲು ಯಾರ ಆಟ ಎಷ್ಟೆಂದು ಬೇರೆ ಮಾಡಿ ತೋರಿಸೋಣವೆಂದು ತಮ್ಮ ಪುಟದಲ್ಲಿ ಗಂಟೆವಾರು ಲೆಕ್ಕ ಒತ್ತಿದೆ. ಸಾಲುಸಾಲು ಕೆಂಪು. ಆರು ಗಂಟೆ ಕೆಂಪು, ಒಂಬತ್ತು ಗಂಟೆ ಕಡುಗೆಂಪು. ನಾನು ಖುದ್ದಾಗಿ ಆಡುವ ಹನ್ನೊಂದು ಗಂಟೆಯ ಬಣ್ಣವನ್ನು ಇಲ್ಲಿ ಬರೆಯುವುದು ಉಚಿತವಲ್ಲ. ಒಂದೇ ಒಂದು ಗಂಟೆ ಹಸಿರಾಗಿತ್ತು, ಮಧ್ಯಾಹ್ನ ಎರಡರಿಂದ ಮೂರು, ಲಾಭ ಶೇಕಡ ಅರವತ್ತೆರಡು.

ಆ ಹೊತ್ತಿನಲ್ಲಿ ಬೀದಿಯವರು ಯಾರೂ ಆಡುವುದಿಲ್ಲ. ನಾನು ಊಟ ಮಾಡಿ ಅಡ್ಡಾಗಿರುತ್ತೇನೆ, ನನ್ನ ಮೊಬೈಲು ಬಾಣಂತಿಯ ಮಂಚದ ಪಕ್ಕ ಚಾರ್ಜಿಗಿರುತ್ತದೆ. ಎಲ್ಲರೂ ಕವನಳ ಕಡೆ ತಿರುಗಿದೆವು. ಅವಳು ಎಡಗೈಯಲ್ಲಿ ಕೂಸನ್ನು ಅವುಚಿಕೊಂಡು ಹಾಲು ಕುಡಿಸುತ್ತಿದ್ದಳು, ತಲೆ ಎತ್ತಲಿಲ್ಲ.

"ನೀನು ಬೀದಿಯೋರ್ನೆಲ್ಲ ಕೇಳ್ದೆ ಕಣಜ್ಜಿ, ಫೋನ್ನೂ ಕೇಳ್ದೆ," ಅಂದಳು. "ಕೂಸು ಹೆತ್ತೋಳ್ನ ಕೇಳ್ನಿಲ್ಲ."

ಕಲ್ಲಯ್ಯ ಬಸ್ಸಿನ ನೆಪ ಹೇಳಿ ಎದ್ದ, ಮಿಕ್ಕವರೂ ಎದ್ದರು. ಆ ಹಸಿರು ಗೆರೆಯ ಕೆಳಗೂ ತಾವು, ಪಂದ್ಯಗಳ ಸಂಖ್ಯೆ ಕಡಿಮೆ, ಇದು ಬರೀ ಅದೃಷ್ಟವೂ ಆಗಿರಬಹುದು ಎಂದು ಬರೆದಿದ್ದಿರಿ. ಇಲ್ಲಿಯೇ ನನ್ನ ಮುಖ್ಯ ತಕರಾರು. ಒಂದು ಕೈಯಲ್ಲಿ ಕೂಸು, ಇನ್ನೊಂದು ಕೈಯ ಒಂದೇ ಹೆಬ್ಬೆರಳು, ನಿದ್ದೆಯಿಲ್ಲದ ಎರಡು ಕಣ್ಣು, ಇಷ್ಟು ಹಿಡಿದುಕೊಂಡು ಮುನ್ನೂರು ಜನರನ್ನು ಎಬ್ಬಿಸಿದವಳ ಲೆಕ್ಕದಲ್ಲಿ ಅದೃಷ್ಟ ಎಲ್ಲಿ ಕೂತಿತ್ತು, ಅದಕ್ಕೆ ಜಾಗವಾದರೂ ಎಲ್ಲಿತ್ತು, ದಯಮಾಡಿ ತೋರಿಸಬೇಕು. ತೋರಿಸಲಾಗದಿದ್ದರೆ ತಾವು ಒಂದು ತಿಂಗಳ ಮಟ್ಟಿಗೆ ನಮ್ಮೂರಿಗೆ ಬಂದು, ಒಂದು ಕೂಸನ್ನು ಎತ್ತಿಕೊಂಡು, ತಮ್ಮ ಲೆಕ್ಕವನ್ನೆಲ್ಲ ಮೊದಲಿನಿಂದ ಮಾಡಿ ಒಪ್ಪಿಸಬೇಕು. ಊಟ ತಿಂಡಿ ನಮ್ಮದೇ.

ಕವನ ಹೆಸರಿಟ್ಟಳು. ಸಾನ್ವಿ. ಇದು ಯಾರ ಅಜ್ಜಿಯದೂ ಅಲ್ಲ, ಯಾವ ಊರ ದೇವಿಯದೂ ಅಲ್ಲ. ಆ ದಿನ ಬೀಗಿತ್ತಿಯೂ ನಾನೂ ಮೊದಲ ಸಲ ಒಂದೇ ಕಡೆ ನಿಂತು, ಫೋನಿನಲ್ಲಿ ಒಂದು ಗಂಟೆ ಆ ಹೆಸರನ್ನು ಒಟ್ಟಿಗೆ ಬೈದೆವು. ಬೈದು ಸುಸ್ತಾಗಿ ಫೋನಿಟ್ಟು ಬಂದು ಸಾನ್ವೀ ಎಂದೆ, ಕೂಸು ತಿರುಗಿ ನೋಡಿ ನಕ್ಕಿತು. ಇದು ಒಂದೇ ಸಲದ ಲೆಕ್ಕ, ನನಗೆ ಅಷ್ಟು ಸಾಕು.

ಹೀಗೆಂದು ಕೊನೆಯಲ್ಲಿ ಬರೆಯುವುದು ವಾಡಿಕೆಯಾದ್ದರಿಂದ ಬರೆದಿರುವ,

ತಮ್ಮ ವಿಶ್ವಾಸಿ,
ದೇವೀರಮ್ಮ
ಹದಿನಾರು ಗ್ರಾಮ, ನಂಜನಗೂಡು ತಾಲ್ಲೂಕು

ಮರೆತ ಮಾತು: ಕವನಳಿಗೆ ಎರಡನೆಯ ಮಗುವಾದರೆ ಆಗ ಪಂದ್ಯ ಸಾಲದೆಂದು ತಾವು ತಕರಾರು ತೆಗೆಯಬಾರದೆಂದು, ಬೀಗಿತ್ತಿಯೂ ನಾನೂ ಮೊನ್ನೆ ಸೋಮವಾರದಿಂದಲೇ ಆಡಲು ಶುರುಮಾಡಿದ್ದೇವೆ. ಕವನಳಿಗೆ ಇನ್ನೂ ತಿಳಿಸಿಲ್ಲ, ತಾವೂ ತಿಳಿಸಬಾರದು. ಮಧ್ಯಾಹ್ನ ಎರಡರಿಂದ ಮೂರರವರೆಗೆ ಮಾತ್ರ ನಮ್ಮಿಬ್ಬರ ಖಾತೆಗೂ ಬೀಗ ಹಾಕಿಡತಕ್ಕದ್ದು.