ಎರಡೂ ಬಲ ತೋಳಿನ ಜಂಪರುಗಳ ಬಗ್ಗೆ ಕೈಪಿಡಿ ಕಾಯುವ ಬಾಟ್ ಮಹಾಶಯರಿಗೆ

ಮಾನ್ಯ ಬಾಟ್ ಮಹಾಶಯರೇ,

ಶಹಾಪುರದಿಂದ ಮಲ್ಲೇಶ್ವರಿ ಮಾಡುವ ನಮಸ್ಕಾರಗಳು. ಹಸಿವೆ, ನೆಗಡಿ, ಬೀಗರು, ಕರೆಂಟು ಹೋಗುವುದು ಇವು ಯಾವುವೂ ಇಲ್ಲದ ತಾವು ಕ್ಷೇಮವಾಗಿಯೇ ಇರುವಿರೆಂದು ನಂಬಿ, ನೇರವಾಗಿ ವಿಷಯಕ್ಕೆ ಬರುತ್ತೇನೆ.

ನಾನು ಇಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುವವಳು. ಅಳತೆ ಕೊಟ್ಟರೆ ಬಟ್ಟೆ ಕತ್ತರಿಸುವುದಕ್ಕೆ ಕಾಗದದ ನಮೂನೆ ಬರೆದುಕೊಡುವ ‘ದರ್ಜಿ’ ಎಂಬ ಮುಕ್ತ ತಂತ್ರಾಂಶವನ್ನು ತಾವು ಬಲ್ಲಿರಿ. ಅದು ಯಾರೊಬ್ಬರ ಸೊತ್ತೂ ಅಲ್ಲ, ಯಾರು ಬೇಕಾದರೂ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು. ಅದನ್ನು ಬಳಸುವ ಬಗೆಯನ್ನು ತಿಳಿಸುವ ಕನ್ನಡ ಕೈಪಿಡಿಯ ಪುಟಗಳನ್ನು ಬರೆದವಳು ನಾನು. ಬರೆದ ಪ್ರತಿ ಸಾಲನ್ನೂ ನನ್ನ ವಿದ್ಯಾರ್ಥಿನಿಯರ ಮುಂದೆ ಓದಿ, ಯಾರ ಹುಬ್ಬು ಗಂಟಾಯಿತೋ ಅವರನ್ನೇ ಕೇಳಿ, ಮತ್ತೆ ಬರೆದು, ದರ್ಜಿಯನ್ನು ನಡೆಸುವ ಸ್ವಯಂಸೇವಕರ ಯೋಜನೆಯ ಜಾಲತಾಣಕ್ಕೆ ಏರಿಸಿದ್ದೆ. ಕಳೆದ ವರ್ಷ ಆ ಸ್ವಯಂಸೇವಕರಿಗೆ ನೌಕರಿ, ಮಕ್ಕಳು, ಬೆನ್ನುನೋವು ಹೆಚ್ಚಾಗಿ, ಪುಟಗಳನ್ನು ಕಾಯುವ ಕೆಲಸವನ್ನೆಲ್ಲ ತಮಗೆ, ಅಂದರೆ ತಾನಾಗಿಯೇ ಓಡುವ ಒಂದು ಪ್ರೋಗ್ರಾಮಿಗೆ, ಒಪ್ಪಿಸಿದರು. ಇಂಗ್ಲಿಷ್ ಪುಟ ಬದಲಾದ ಕೂಡಲೇ ಉಳಿದ ಭಾಷೆಯ ಪುಟಗಳನ್ನು ಅಳಿಸಿ, ತಾವೇ ಅನುವಾದ ಮಾಡಿ ಅಂಟಿಸುವುದು ತಮ್ಮ ಪದ್ಧತಿಯೆಂದು ನನಗೆ ತಡವಾಗಿ ತಿಳಿಯಿತು.

ತಮ್ಮ ಕನ್ನಡವನ್ನು ಎಷ್ಟು ಹೊಗಳಿದರೂ ಸಾಲದು. ಹೊಲಿಗೆಗೆಂದು ಅಂಚಿನಲ್ಲಿ ಬಿಡುವ ಬಟ್ಟೆಯನ್ನು ತಾವು ‘ಹೊಲಿಗೆ ಭತ್ಯೆ’ ಎಂದು ಕರೆದಿದ್ದೀರಿ. ಅಂದಿನಿಂದ ನನ್ನ ವಿದ್ಯಾರ್ಥಿನಿಯರು ಅದನ್ನು ಯಾವ ಕಚೇರಿಯಲ್ಲಿ ಮಂಜೂರು ಮಾಡಿಸಬೇಕೆಂದು ಕೇಳುತ್ತಿದ್ದಾರೆ. ಓರೆಯಾಗಿ ಕತ್ತರಿಸಬೇಕಾದ ಪಟ್ಟಿಯನ್ನು ‘ಪಕ್ಷಪಾತದಿಂದ ಕತ್ತರಿಸಿ’ ಎಂದಿದ್ದೀರಿ. ಹೊಲಿದ ಲಂಗವನ್ನು ಒಂದು ದಿನ ತೂಗುಹಾಕಿರಿ ಎಂದು ನಾನು ಬರೆದಿದ್ದ ಕಡೆ ‘ಲಂಗವನ್ನು ಗಲ್ಲಿಗೇರಿಸಿ’ ಎಂದು ತೀರ್ಪು ಕೊಟ್ಟಿದ್ದೀರಿ. ಆ ಬಡಪಾಯಿ ಲಂಗ ಮಾಡಿದ ಅಪರಾಧವೇನೆಂದು ಮಾತ್ರ ಎಲ್ಲಿಯೂ ತಿಳಿಸಿಲ್ಲ.

ಇಷ್ಟಕ್ಕೇ ನಿಂತಿದ್ದರೆ ನಾವು ನಕ್ಕು ಸುಮ್ಮನಾಗುತ್ತಿದ್ದೆವು. ಆದರೆ ತಾವು ತೋಳಿನ ಪುಟಕ್ಕೂ ಕೈಹಾಕಿದಿರಿ. ತಮಗೆ ತೋಳಿಲ್ಲವಾದ್ದರಿಂದ ವಿನಯದಿಂದ ತಿಳಿಸುತ್ತೇನೆ: ಜಂಪರಿನ, ಅಂದರೆ ರವಿಕೆಯ, ತೋಳಿಗೆ ಮುಂದು ಹಿಂದು ಎಂದಿರುತ್ತದೆ, ಹಾಗಾಗಿ ಎಡದ್ದು ಬಲಕ್ಕೆ ಕೂಡುವುದಿಲ್ಲ. ಅದಕ್ಕೇ ‘ಬಟ್ಟೆಯ ಸೀದಾ ಮಗ್ಗಲುಗಳು ಒಂದನ್ನೊಂದು ನೋಡುವಂತೆ ಇಟ್ಟು ಕತ್ತರಿಸಿರಿ, ಒಂದು ಎಡದ್ದು ಒಂದು ಬಲದ್ದು ಬರುತ್ತದೆ’ ಎಂದು ನಾನು ಬರೆದಿದ್ದೆ. ತಾವು ಅದನ್ನು ತೆಗೆದು, ಇಂಗ್ಲಿಷಿನವರು ಸೀದಾ ಮಗ್ಗಲಿಗೆ ಹೇಳುವ ‘ರೈಟ್ ಸೈಡ್’ ಅನ್ನು ಬಲಗಡೆಯೆಂದು ತಿಳಿದು, ‘ಬಲ ಬದಿಗಳನ್ನು ಒಟ್ಟಿಗೆ ಇರಿಸಿ ತೋಳುಗಳನ್ನು ಕತ್ತರಿಸಿ’ ಎಂದು ಅಪ್ಪಣೆ ಕೊಟ್ಟಿರಿ.

ಗೋಗಿ ಊರಿನ ಕುಬ್ರಾಬೇಗಂ ನನ್ನ ಬಳಿ ಕಲಿತವಳು. ಮನೆಯ ಮುಂದಿನ ಕೋಣೆಯಲ್ಲಿ ಮಷಿನ್ ಇಟ್ಟುಕೊಂಡು ಶಾಲೆಯ ಅಂಗಿ, ಲಂಗ ಹೊಲಿಯುತ್ತಿದ್ದವಳಿಗೆ ಮೊದಲ ಸಲ ಮದುವೆಯ ಕೆಲಸ ಬಂದಿತ್ತು. ಸುರಪುರದ ದೇವಕಮ್ಮನವರು ಮಗಳ ಮದುವೆಗೆಂದು ತಮಗೂ ತಮ್ಮ ತಂಗಿಯರಿಗೂ ರೇಷ್ಮೆ ಜಂಪರು ಹೊಲಿಯಲು ಕೊಟ್ಟಿದ್ದರು. ಕುಬ್ರಾ ಮೊಬೈಲಿನಲ್ಲಿ ಕೈಪಿಡಿಯ ಪುಟ ತೆರೆದು, ತಾವು ಹೇಳಿದಂತೆ ಬಲಗಡೆಯನ್ನು ಬಲಗಡೆಯ ಮೇಲೆಯೇ ಇಟ್ಟು, ಎರಡರ ಸೀದಾ ಮಗ್ಗಲೂ ಮೇಲೆಯೇ ಇರುವಂತೆ ಒಂದರ ಮೇಲೊಂದು ಹಾಸಿ, ಕತ್ತರಿಸಿದಳು. ಎಲ್ಲ ಜಂಪರಿಗೂ ಎರಡೂ ತೋಳು ಬಲದ್ದೇ ಬಂದವು.

ಹಾಕಿ ನೋಡಲು ಬಂದ ದೇವಕಮ್ಮನವರು ಎಡಗೈ ಎತ್ತಿದರು. ಕೈಯೊಂದಿಗೆ ಜಂಪರೂ ಎದ್ದಿತು. “ಏನವ್ವಾ ಇದು, ಕೈ ಎತ್ತಿದ್ರ ಜಂಪರೆಲ್ಲ ಮ್ಯಾಲ ಬರಾಕತ್ತದ? ಬೀಗರಿಗಿ ಒಂದ ಕೈಲೆ ನಮಸ್ಕಾರ ಮಾಡ್ಲೇನು?” ಎಂದು ಕೇಳಿ, ಮದುವೆಯ ಮುಂಚೆ ಸರಿಯಾಗದಿದ್ದರೆ ಗೋಗಿಯಲ್ಲಿ ಯಾರೂ ಅವಳಿಗೆ ಕರವಸ್ತ್ರವನ್ನೂ ಹೊಲಿಯಲು ಕೊಡದಂತೆ ನೋಡಿಕೊಳ್ಳುವುದಾಗಿ ಹೇಳಿ ಹೋದರು.

ಕುಬ್ರಾ ನನಗೆ ಫೋನು ಮಾಡಿ ಅತ್ತಳು. ಪುಟ ಓದುವಾಗ ಅನುಮಾನ ಬರಲಿಲ್ಲವೇ ಎಂದು ನಾನು ಗದರಿದೆ. “ಬಂದಿತ್ರಿ ಅಕ್ಕಾರ,” ಅಂದಳು. “ಖರೆ ಕೆಳಗ ನಿಮ್ಮ ಹೆಸರ ಅದಲ್ರಿ. ನೀವ್ ಬರದೀರಿ ಅಂದ್ರ ನಂದಾ ತಪ್ಪಿರಬೇಕು ಅನ್ಕೊಂಡ್ನಿ.”

ಮಹಾಶಯರೇ, ನನ್ನ ಸಾಲುಗಳನ್ನೆಲ್ಲ ಅಳಿಸಿದ ತಾವು ಕೊನೆಯಲ್ಲಿದ್ದ ‘ಬರೆದವರು: ಮಲ್ಲೇಶ್ವರಿ, ಶಹಾಪುರ’ ಎಂಬುದನ್ನು ಮಾತ್ರ ಹಾಗೆಯೇ ಉಳಿಸಿದ್ದಿರಿ. ಈ ಗೌರವಕ್ಕೆ ಏನೆಂದು ಕೃತಜ್ಞತೆ ಹೇಳಲಿ?

ಮರುದಿನ ಖಣದ ಬಟ್ಟೆ ಹಿಡಿದು ಗೋಗಿಗೆ ಹೋದೆ. ರೇಷ್ಮೆ ಒಂದು ಚೂರೂ ಉಳಿದಿರಲಿಲ್ಲ. ನಾನು, ಕುಬ್ರಾ, ಅವಳ ತಾಯಿ ಮದೀನಾಬೀ ಮೂವರೂ ಕೂತು ತೋಳು ಬಿಚ್ಚಿ, ಕಂಕುಳಿಗೆ ಖಣದ ತುಂಡು ಕೂಡಿಸಿ, ಎರಡೂ ಕಡೆ ಒಂದೇ ಥರ ಕಾಣುವಂತೆ ತೋಳಿನ ಅಂಚಿಗೂ ಖಣ ಹಚ್ಚಿದೆವು. ದೇವಕಮ್ಮನವರು ತೊಟ್ಟು, ಎರಡೂ ಕೈ ಎತ್ತಿ, ಇಳಿಸಿ, ಕನ್ನಡಿಯ ಮುಂದೆ ಒಂದು ಸುತ್ತು ತಿರುಗಿ, “ನಡೀತದ ತಗೋರಿ,” ಅಂದು ಕುಬ್ರಾಳ ಕಡೆ ತಿರುಗಿದರು. “ಕೇಳ್ದವ್ರಿಗೆ ಯಾದಗಿರ್ಯಾಗ ಹೊಸಾ ಫ್ಯಾಶನ್ ಬಂದದ, ಅಲ್ಲೇ ಹೊಲಿಸೀವಿ ಅಂತೀನಿ. ನಿನ್ನ ಹೆಸರಂತೂ ಹೇಳಂಗಿಲ್ಲ.” ಅವರು ನುಡಿದಂತೆ ನಡೆದರು. ಮದುವೆಯಲ್ಲಿ ಆ ತೋಳು ನೋಡಿ ಮನಸೋತ ಹೆಂಗಸರು ಈಗ ಯಾದಗಿರಿಯ ಬಜಾರಿನಲ್ಲಿ ಇಲ್ಲದ ಟೇಲರನ್ನು ಹುಡುಕುತ್ತಿದ್ದಾರೆ. ಕುಬ್ರಾ ಗೋಗಿಯಲ್ಲಿ ಹಲ್ಲು ಕಡಿಯುತ್ತಿದ್ದಾಳೆ.

ಈ ನಡುವೆ ತಮಗೆ ನಾನು ದೂರು ಕೊಟ್ಟಿದ್ದುಂಟು. ‘ನಮ್ಮ ಬಳಗಕ್ಕೆ ಹೊಸದಾಗಿ ಬಂದ ತಮಗೆ ಸ್ವಾಗತ’ ಎಂದು ತಾವು ಉತ್ತರಿಸಿದಿರಿ. ಆಮೇಲೆ ‘ಚಟುವಟಿಕೆ ಇಲ್ಲದ ಕಾರಣ’ ದೂರನ್ನು ಮುಚ್ಚಿದಿರಿ. ಆಗ ನಾವು ಮೂವರೂ ತಮ್ಮ ಕೃಪೆಯಿಂದ ಬೆನ್ನು ನೋಯುವಷ್ಟು ಚಟುವಟಿಕೆಯಲ್ಲಿದ್ದೆವು. ಪುಟವನ್ನು ನಾನೇ ತಿದ್ದಿದೆ, ತಾವು ಮರಳಿ ತಿದ್ದಿದಿರಿ. ಕೊನೆಗೆ ಯೋಜನೆಯಲ್ಲಿ ಇನ್ನೂ ಉಳಿದಿರುವ ಒಬ್ಬರೇ ಮನುಷ್ಯರನ್ನು ಹುಡುಕಿ ಕೇಳಿದರೆ, ತಮ್ಮನ್ನು ನೇಮಿಸಿದವರು ಕೆಲಸ ಬಿಟ್ಟು ಹೋಗಿದ್ದಾರೆಂದೂ, ತಮ್ಮ ಸ್ವಿಚ್ಚು ಎಲ್ಲಿದೆಯೆಂದು ಯಾರಿಗೂ ಗೊತ್ತಿಲ್ಲವೆಂದೂ ಬಹಳ ಸಂಕೋಚದಿಂದ ತಿಳಿಸಿದರು.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಕೋರಿಕೆಗಳು. ತಾವು ಒಮ್ಮೆ ಗೋಗಿಗೆ ದಯಮಾಡಿಸಿ ಕುಬ್ರಾಳಿಗೆ ಅಳತೆ ಕೊಡಬೇಕು. ತಮಗೆ ಎರಡು ಬಲ ತೋಳಿನ ಜಂಪರೊಂದನ್ನು ಅವಳು ಪ್ರೀತಿಯಿಂದ ಹೊಲಿದುಕೊಡುತ್ತಾಳೆ. ಅದನ್ನು ತೊಟ್ಟು ಶಹಾಪುರದಿಂದ ಸುರಪುರದವರೆಗೆ ಬಸ್ಸಿನಲ್ಲಿ ನಿಂತು, ಎಡಗೈಯಿಂದ ಮೇಲಿನ ಸರಳು ಹಿಡಿದು ಪ್ರಯಾಣ ಮಾಡಬೇಕು. ಬಳಿಕ ನಮ್ಮ ಮೂವರ ಹೊಲಿಗೆ ಭತ್ಯೆಯನ್ನು ತಾವೇ ಖುದ್ದಾಗಿ ಮಂಜೂರು ಮಾಡಬೇಕು.

ತಮ್ಮ ಉತ್ತರಕ್ಕೆ ಕಾಯುವಷ್ಟು ಪುರುಸೊತ್ತಿಲ್ಲದ್ದರಿಂದ ಒಂದು ಕೆಲಸವನ್ನು ನಾವೇ ಮಾಡಿಕೊಂಡೆವು. ಶಹಾಪುರ ಬಸ್ ನಿಲ್ದಾಣದ ಬಳಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಗಯಾಸನನ್ನು ಕೇಳಿದಾಗ, “ಮುಕ್ತ ಅಂದಮ್ಯಾಲ ನಿಮ್ಮ ಪುಟ ನೀವ್ ತಗೊಂಡು ಹೋಗಾಕ ಯಾರ ಪರವಾನಗಿ ಬೇಕ್ರಿ ಅಕ್ಕಾರ?” ಎಂದು ನಕ್ಕ. ತಾವು ಅಳಿಸಿದ್ದ ನನ್ನ ಪುಟಗಳನ್ನೆಲ್ಲ ಜಾಲತಾಣದ ಹಳೆಯ ಪ್ರತಿಗಳಿಂದ ಹುಡುಕಿ ತೆಗೆದು ಬೇರೆ ವಿಳಾಸದಲ್ಲಿ ಇಟ್ಟುಕೊಟ್ಟಿದ್ದಾನೆ. ಈಗ ಯಾವ ಪುಟವಾದರೂ ಮೊದಲು ಕುಬ್ರಾಳ ಕೈಗೆ ಹೋಗುತ್ತದೆ. ಅವಳು ಹಳೆಯ ಸೀರೆಯ ತುಂಡಿನ ಮೇಲೆ ಕತ್ತರಿಸಿ, ಹೊಲಿದು, ತೊಟ್ಟು ನೋಡಿದ ಮೇಲೆಯೇ ಅದು ಜಾಲಕ್ಕೆ ಏರುತ್ತದೆ. ನನ್ನ ಹೆಸರಿನ ಪಕ್ಕದಲ್ಲಿ ಈಗ ಅವಳ ಹೆಸರೂ ಇದೆ. ಮೊದಲ ಪುಟದಲ್ಲಿಯೇ ನನ್ನ ಎರಡು ತಪ್ಪು ಹಿಡಿದಿದ್ದಾಳೆ. ತಾವು ಒಂದನ್ನೂ ಹಿಡಿದಿರಲಿಲ್ಲ.

ಇಷ್ಟಾದರೂ ತಮ್ಮ ವಿಶ್ವಾಸಿಯಾಗಿಯೇ ಉಳಿಯಲು ಹರಸಾಹಸ ಪಡುತ್ತಿರುವ,
ಮಲ್ಲೇಶ್ವರಿ
ಶಹಾಪುರ

ವಿ.ಸೂ.: ತಾವು ಈ ಪತ್ರವನ್ನು ಇಂಗ್ಲಿಷಿಗೆ ತಿರುಗಿಸಿಕೊಂಡು ಓದುವಿರೆಂದು ಬಲ್ಲೆ. ಕುಬ್ರಾಬೇಗಂ ತಮಗೆ ಹೇಳಿಕಳುಹಿಸಿದ ಎರಡು ಮಾತುಗಳನ್ನು ಮಾತ್ರ ಇಲ್ಲಿ ಬರೆದಿಲ್ಲ. ಅವು ಅವರ ಮನೆಯ ದಖ್ಖನಿ ಮಾತಿನಲ್ಲಿದ್ದವು. ಕೇಳಿದ ಮದೀನಾಬೀ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದರು. ತಮ್ಮ ಅನುವಾದದಲ್ಲಿ ಅವು ಎಲ್ಲಿ ಆಶೀರ್ವಾದವಾಗಿಬಿಡುತ್ತವೋ ಎಂಬ ಭಯಕ್ಕೆ ಬಿಟ್ಟಿದ್ದೇನೆ.