ಸಮುದ್ರದ ಬಗ್ಗೆ ಸುಳ್ಳು ಘೋಷಣೆ

ಅಳತೆ ಮತ್ತು ತೂಕಗಳ ಆ ಕಚೇರಿಯಲ್ಲಿ ರಜೆ ಎಂಬುದು ನೌಕರನ ಹಕ್ಕು. ಇದನ್ನು ನಿಯಮಾವಳಿಯ ಮೊದಲ ಪುಟದಲ್ಲಿಯೇ ದಪ್ಪಕ್ಷರದಲ್ಲಿ ಮುದ್ರಿಸಲಾಗಿದೆ. ಆ ಹಕ್ಕನ್ನು ಯಾರೂ ಆತುರಪಟ್ಟು ಚಲಾಯಿಸದಂತೆ ಕೈಗೊಳ್ಳಬೇಕಾದ ಕ್ರಮಗಳನ್ನು ಉಳಿದ ಮುನ್ನೂರ ಹನ್ನೆರಡು ಪುಟಗಳಲ್ಲಿ ವಿವರಿಸಲಾಗಿದೆ.

ಈ ಪುಟಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದವರು ರಜೆ ವಿಭಾಗದ ಗುಮಾಸ್ತರು ಒಬ್ಬರೇ. ಇಪ್ಪತ್ತೆರಡು ವರ್ಷದ ಸೇವೆಯಲ್ಲಿ ಅವರು ಒಂದೇ ಒಂದು ಅರ್ಜಿಯನ್ನೂ ಮೊದಲ ಸಲಕ್ಕೇ ಪಾಸು ಮಾಡಿದವರಲ್ಲ. ಹೆರಿಗೆ ರಜೆ ಕೇಳಿದ ಟೈಪಿಸ್ಟಿಗೆ ‘ಘಟನೆಯ ನಿಖರ ವೇಳೆಯನ್ನು ನಮೂದಿಸತಕ್ಕದ್ದು’ ಎಂದು ಬರೆದು ಹಿಂದಿರುಗಿಸಿದ್ದರು. ಆಕೆ ಕೊನೆಗೆ ಮಗುವನ್ನು ಎತ್ತಿಕೊಂಡೇ ಬಂದು ನಮೂದಿಸಿ ಹೋಗಿದ್ದಳು. ಹಾಗೆಂದು ಗುಮಾಸ್ತರು ಕೆಟ್ಟವರೇನಲ್ಲ. ಕೆಟ್ಟವರಾಗಲು ಬೇಕಾದಷ್ಟು ಸ್ವಾತಂತ್ರ್ಯವನ್ನು ನಿಯಮಾವಳಿ ಅವರಿಗೆ ಕೊಟ್ಟಿರಲಿಲ್ಲ. ತಮಗೇ ಅಂತ ಅವರು ಇದುವರೆಗೆ ಒಂದು ದಿನವೂ ರಜೆ ಕೇಳಿರಲಿಲ್ಲ. ಕೇಳಿದರೆ ಏನಾಗುತ್ತದೆಂದು ಅವರಷ್ಟು ಚೆನ್ನಾಗಿ ಬಲ್ಲವರು ಬೇರೆ ಯಾರೂ ಇರಲಿಲ್ಲ.

ಅವರ ಹೆಂಡತಿ ಪ್ರಾಥಮಿಕ ಶಾಲೆಯ ಟೀಚರು. ಐದನೇ ತರಗತಿಗೆ ಹತ್ತೊಂಬತ್ತು ವರ್ಷದಿಂದ ಉಬ್ಬರ ಇಳಿತದ ಪಾಠ ಮಾಡುತ್ತ ಬಂದಿದ್ದರು. ಬೋರ್ಡಿನ ಮೇಲೆ ನೀಲಿ ಸೀಮೆಸುಣ್ಣದಲ್ಲಿ ಅಲೆ, ಹಳದಿಯಲ್ಲಿ ಚಂದ್ರ. ಕಳೆದ ವರ್ಷ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, “ಟೀಚರ್, ಸಮುದ್ರದ ನೀರು ಮುಟ್ಟಿದ್ರೆ ಬೆಚ್ಚಗಿರುತ್ತಾ, ತಣ್ಣಗಿರುತ್ತಾ?” ಎಂದು ಕೇಳಿದಳು. ಟೀಚರಮ್ಮ ಡಸ್ಟರು ಹುಡುಕುವ ನೆವದಲ್ಲಿ ಹೊರಗೆ ಹೋದವರು ಗಂಟೆ ಹೊಡೆದ ಮೇಲೆ ವಾಪಸು ಬಂದರು. ಅವರು ಸಮುದ್ರ ನೋಡಿರಲಿಲ್ಲ. ಗುಮಾಸ್ತರೂ ನೋಡಿರಲಿಲ್ಲ. ಮದುವೆಯಾದ ಹೊಸತರಲ್ಲೇ ಇಬ್ಬರೂ ಜೊತೆಯಾಗಿ ಹೋಗಿ ನೋಡಿಬರುವುದೆಂದು ಮಾತಾಗಿತ್ತು. ಆ ಮಾತು ಅಂದಿನಿಂದ ಪರಿಶೀಲನೆಯಲ್ಲಿತ್ತು.

“ರೀ, ಈ ಬೇಸಿಗೇಲಿ ಹೋಗಲೇಬೇಕು,” ಎಂದರು ಟೀಚರಮ್ಮ. “ಶಾಲೆ ಶುರುವಾದ್ರೆ ಮೊದಲನೇ ಪಾಠವೇ ಅದು. ಇನ್ನೊಂದು ವರ್ಷ ಆ ಮಕ್ಕಳ ಮುಂದೆ ಕಳ್ಳಿ ಥರ ನಿಲ್ಲೋಕೆ ನನ್ನ ಕೈಲಾಗಲ್ಲ.”

“ಐದು ದಿನ ಸಾಕಾ?”

“ನೀವು ಪಕ್ಕದಲ್ಲಿದ್ರೆ ಎರಡು ದಿನವಾದ್ರೂ ಸಾಕು.”

ಗುಮಾಸ್ತರಿಗೆ ನಿಜವಾಗಿಯೂ ಸಂತೋಷವಾಯಿತು. ಅಡುಗೆಮನೆಯ ಮೇಜಿನ ಮೇಲೆ ಭೂಪಟ ಹರಡಿಕೊಂಡು ಇಬ್ಬರೂ ನಾಲ್ಕು ಸಂಜೆ ಯೋಜನೆ ಹಾಕಿದರು. ಅವರು ಆರಿಸಿಕೊಂಡದ್ದು ಭೂಪಟದಲ್ಲಿ ಹೆಬ್ಬೆರಳಿಟ್ಟರೆ ಮುಚ್ಚಿಹೋಗುವಷ್ಟು ಪುಟ್ಟ ಕರಾವಳಿ: ಒಂದು ದೀಪಸ್ತಂಭ, ಒಂದು ಮೀನು ಮಾರುಕಟ್ಟೆ, ಒಂದೇ ಒಂದು ವಸತಿಗೃಹ. ಅದರ ಮೇಲಂತಸ್ತಿನಲ್ಲಿ ಸಮುದ್ರಕ್ಕೆ ಮುಖ ಮಾಡಿದ ಕೋಣೆಯನ್ನು ಫೋನಿನಲ್ಲೇ ಕಾಯ್ದಿರಿಸಿದರು. ಟೀಚರಮ್ಮ ಎರಡು ಹುಲ್ಲಿನ ಟೋಪಿ ತಂದರು. ಗುಮಾಸ್ತರು ತಮ್ಮದನ್ನು ಹಾಕಿಕೊಂಡು ಕನ್ನಡಿಯ ಮುಂದೆ ನಿಂತು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ನಕ್ಕರು.

ಐದನೆಯ ಸಂಜೆ ನಮೂನೆ ಹದಿನಾಲ್ಕನ್ನು ತುಂಬಿದರು. ಇದು ‘ವಿಹಾರ ಪೂರ್ವಘೋಷಣಾ ಪತ್ರ’. ಅನುಭವಿಸಲಿರುವ ಸಂತೋಷದ ದಿನವಾರು ಅಂದಾಜು, ಹಿಂದಿರುಗಿದ ಮೇಲೆ ಅದು ಕಚೇರಿ ಕೆಲಸಕ್ಕೆ ಅಡ್ಡಿಯಾಗದಂತೆ ವಹಿಸುವ ಎಚ್ಚರಿಕೆ, ಇವೆಲ್ಲವನ್ನೂ ಅವರು ನೀರು ಕುಡಿದಷ್ಟು ಸಲೀಸಾಗಿ ತುಂಬಿದರು. ಹನ್ನೊಂದನೇ ಅಂಕಣದಲ್ಲಿ ‘ವೀಕ್ಷಿಸಲಿರುವ ವಸ್ತು ಚರವೋ ಸ್ಥಿರವೋ’ ಎಂದಿತ್ತು. ಗುಮಾಸ್ತರು ಹಿಂದೆ ಮುಂದೆ ನೋಡದೆ ‘ಸ್ಥಿರ’ ಎಂದು ಬರೆದರು. ಸಮುದ್ರ ಎದ್ದು ಎಲ್ಲಿಗೆ ಹೋಗುತ್ತದೆ ಎಂಬುದು ಅವರ ಧೈರ್ಯ.

ಮರುದಿನ ಸೂಪರಿಂಟೆಂಡೆಂಟರು ಅರ್ಜಿಯನ್ನು ಎರಡೂ ಬದಿ ತಿರುಗಿಸಿ ನೋಡಿ, ಕನ್ನಡಕ ತೆಗೆದರು. “ಎಲ್ಲಾ ಸರಿ ಇದೆ. ಆದರೆ ನಲವತ್ತೊಂದನೇ ನಿಯಮ ನಿಮಗೇ ಗೊತ್ತಲ್ಲ?”

ಗೊತ್ತಿತ್ತು. ಹಿಂದೊಮ್ಮೆ ನೌಕರನೊಬ್ಬ ಜಲಪಾತ ನೋಡಲು ಹೋಗಿ, ಅಲ್ಲಿ ನೀರೇ ಇರಲಿಲ್ಲವಾದ್ದರಿಂದ ತಾನು ರಜೆ ಅನುಭವಿಸಿಲ್ಲ, ಆ ದಿನಗಳನ್ನು ವಾಪಸು ಕೊಡಿ ಎಂದು ಪಟ್ಟು ಹಿಡಿದಿದ್ದ. ಅಂದಿನಿಂದ ನೌಕರರು ಹೋಗುವ ಮೊದಲು ಕಚೇರಿಯೇ ಹೋಗಿ, ಆ ಸ್ಥಳ ಅಲ್ಲಿದೆಯೇ ಎಂದು ನೋಡಿಕೊಂಡು ಬರಬೇಕೆಂದು ನಿಯಮವಾಗಿತ್ತು. ಆ ನಿಯಮದ ಕರಡು ಬರೆದವರು ನಮ್ಮ ಗುಮಾಸ್ತರೇ. ಅರ್ಜಿದಾರ ಸ್ವತಃ ಪರಿಶೀಲನೆಗೆ ಹೋಗಕೂಡದು, ಅವನಿಗೆ ಸ್ಥಳದ ಮೇಲೆ ಆಸೆಯಿರುತ್ತದೆ ಎಂಬ ಉಪನಿಯಮವೂ ಅವರದೇ.

ಮೂವರ ಸಮಿತಿ ರಚನೆಯಾಯಿತು. ಸೂಪರಿಂಟೆಂಡೆಂಟರು ಅಧ್ಯಕ್ಷರು. ಲೆಕ್ಕ ತಪಾಸಣೆಯವರು ಸದಸ್ಯರು. ಯಾವ ಕಡತ ಕಂಡರೂ ಕೊಕ್ಕೆ ಹಾಕದೆ ಬಿಡುವವರಲ್ಲವಾದ್ದರಿಂದ ಇವರನ್ನು ಎಲ್ಲರೂ ಕೊಕ್ಕೆ ಎಂದೇ ಕರೆಯುತ್ತಿದ್ದರು, ಅವರೂ ಓಗೊಡುತ್ತಿದ್ದರು. ಮೂರನೆಯವರು ಟೇಪು ಹಿಡಿಯಲು.

“ಉಳಿಯೋಕೆ ಜಾಗ?” ಎಂದು ಕೇಳಿದರು ಅಧ್ಯಕ್ಷರು.

“ಒಂದೇ ವಸತಿಗೃಹ ಸಾರ್. ಸಮುದ್ರ ಕಾಣೋ ಕೋಣೆ ನಾನು ಹೇಳಿಟ್ಟಿದ್ದೀನಿ.”

“ಒಳ್ಳೇದಾಯ್ತು. ಅದನ್ನೂ ಪರಿಶೀಲಿಸಿದ ಹಾಗಾಯ್ತು. ಬಿಸಿಲು ಹೇಗೆ?”

ಮಾರನೆಯ ಬೆಳಿಗ್ಗೆ ಗುಮಾಸ್ತರು ಎರಡೂ ಹುಲ್ಲಿನ ಟೋಪಿಗಳನ್ನು ಕಾಗದದಲ್ಲಿ ಸುತ್ತಿ ತಂದುಕೊಟ್ಟು ರಸೀದಿ ಪಡೆದರು.

ನಾಲ್ಕು ದಿನದ ಮೇಲೆ ಸಮಿತಿ ಹಿಂದಿರುಗಿತು. ಮೂವರ ಮೂಗೂ ಕೆಂಪಗಾಗಿತ್ತು, ಮುಖ ಮಾತ್ರ ಗಂಭೀರವಾಗಿತ್ತು. ವರದಿಯನ್ನು ಕೊಕ್ಕೆಯವರೇ ನಿಂತು ಓದಿದರು. “ಕೋಣೆಯ ಮೆಟ್ಟಿಲಿನಿಂದ ಸಮುದ್ರದ ಅಂಚಿಗೆ ಇರುವ ದೂರವನ್ನು ಬೆಳಿಗ್ಗೆ ಅಳೆಯಲಾಗಿ ಅರವತ್ತೆರಡು ಮೀಟರು. ಮಧ್ಯಾಹ್ನ ಅಳೆಯಲಾಗಿ ನೂರಾ ಹತ್ತು. ಸಂಜೆ ಅಳೆಯಲಾಗಿ ಅಧ್ಯಕ್ಷರ ಚಪ್ಪಲಿಗಳು ಸಿಗಲಿಲ್ಲ. ಅರ್ಜಿದಾರರು ಸ್ಥಿರವೆಂದು ಲಿಖಿತವಾಗಿ ಘೋಷಿಸಿರುವ ವಸ್ತುವು ದಿನಕ್ಕೆ ಎರಡು ಬಾರಿ ಯಾರ ಅನುಮತಿಯೂ ಇಲ್ಲದೆ ಜಾಗ ಬಿಟ್ಟು ಕದಲುತ್ತಿರುವುದು ಸಮಿತಿಯ ಗಮನಕ್ಕೆ ಬಂದಿದೆ.”

ಒಂದು ಸೇರು ಎರಡು ಸಲ ಅಳೆದರೆ ಎರಡು ಲೆಕ್ಕ ಬಂದಿತೆಂದು ಅಂಗಡಿಗೆ ಬೀಗ ಜಡಿದು ಬಂದ ಕಚೇರಿ ಅದು. ಸುಳ್ಳು ಘೋಷಣೆಗಾಗಿ ನಿಮ್ಮ ಮೇಲೆ ಏಕೆ ಕ್ರಮ ಕೈಗೊಳ್ಳಬಾರದು ಎಂದು ಗುಮಾಸ್ತರಿಗೆ ನೋಟೀಸು ಹೊರಟಿತು. ರಜೆಗೆ ಸಂಬಂಧಿಸಿದ ನೋಟೀಸುಗಳೆಲ್ಲ ಅವರ ಮೇಜಿನಿಂದಲೇ ಹೊರಡಬೇಕಿದ್ದುದರಿಂದ ಅದನ್ನು ಅವರೇ ಬರೆದು, ಅವರೇ ಸ್ವೀಕರಿಸಿದರು. ಬಿಸಿಲಿಗೆ ಹಿಗ್ಗದ ಉಕ್ಕಿನ ಟೇಪಿನೊಂದಿಗೆ ಮರು ಅಳತೆಗೆ ಇಡೀ ಅಳತೆ ವಿಭಾಗವೇ ಹೋಗಬೇಕಾಯಿತು. ಸಮುದ್ರಕ್ಕೆ ತೂಕವೂ ಇರುತ್ತದೆ, ತಮ್ಮನ್ನು ಬಿಟ್ಟುಹೋಗುವುದು ತಾರತಮ್ಯ ಎಂದು ತೂಕ ವಿಭಾಗದವರು ಗಲಾಟೆ ಮಾಡಿದ್ದರಿಂದ ಅವರನ್ನೂ ಸೇರಿಸಲಾಯಿತು. ಕಚೇರಿಯ ಬಾಗಿಲಿಗೆ ಪ್ರಕಟಣೆ ಅಂಟಿತು:

‘ಸಿಬ್ಬಂದಿಯು ಸಮುದ್ರವನ್ನು ಅಳೆಯುವ ಕರ್ತವ್ಯದ ಮೇಲೆ ತೆರಳಿರುತ್ತಾರೆ. ತಕ್ಕಡಿಗಳಿಗೆ ಮುದ್ರೆ ಹಾಕಿಸಿಕೊಳ್ಳಲು ಬರುವ ವ್ಯಾಪಾರಿಗಳು, ಸಮುದ್ರವು ಒಂದು ನಿಲುವಿಗೆ ಬರುವವರೆಗೆ ಸಹಕರಿಸತಕ್ಕದ್ದು.’

ವ್ಯಾಪಾರಿಗಳು ಓದಿ, ಸಂತೋಷದಿಂದ ಸಹಕರಿಸಿದರು. ಸಮುದ್ರ ಸಹಕರಿಸಲಿಲ್ಲ. ಹನ್ನೆರಡು ದಿನದಲ್ಲಿ ಮೂವತ್ತೊಂದು ಸಲ ಅಳೆದರೂ ಮೂವತ್ತೊಂದು ಉತ್ತರ ಬಂದವು. ಭಾನುವಾರವೂ ಅಲೆಗಳ ಜೊತೆ ದುಡಿದದ್ದಕ್ಕೆ ಎಲ್ಲರಿಗೂ ಬದಲಿ ರಜೆ ಸಲ್ಲಬೇಕಿತ್ತು. ಗುಮಾಸ್ತರು ಅದನ್ನು ಒಬ್ಬೊಬ್ಬರ ಹೆಸರಿಗೂ ದಾಖಲಿಸಿದರು.

ಶಾಲೆ ಶುರುವಾಗಲು ಎರಡು ವಾರ ಉಳಿದಿತ್ತು. ಟೀಚರಮ್ಮನಿಗೆ ತಡೆಯಲಾಗಲಿಲ್ಲ. “ಅಯ್ಯೋ, ಇದು ಐದನೇ ಕ್ಲಾಸಿನ ಮಕ್ಕಳಿಗೂ ಗೊತ್ತಿದೆಯಲ್ರೀ!” ಎಂದು ತಲೆ ಚಚ್ಚಿಕೊಂಡು, ಒಂದು ಇಡೀ ಹಾಳೆಯಲ್ಲಿ ಚಂದ್ರ, ಭೂಮಿ, ಉಬ್ಬರ, ಇಳಿತ ಎಲ್ಲವನ್ನೂ ಚಿತ್ರಸಹಿತ ಬರೆದುಕೊಟ್ಟರು. ಗುಮಾಸ್ತರು ಅದನ್ನು ನೋಟೀಸಿಗೆ ಉತ್ತರವಾಗಿ ಲಗತ್ತಿಸಿ ಸಲ್ಲಿಸಿದರು.

ಕೊಕ್ಕೆಯವರು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. “ಚಿತ್ರ ಚೆನ್ನಾಗಿದೆ. ಬರೆದವರು ಯಾರು?”

“ನಮ್ಮ ಮನೆಯವರು ಸಾರ್. ಹತ್ತೊಂಬತ್ತು ವರ್ಷದಿಂದ ಇದೇ ಪಾಠ ಮಾಡ್ತಿದ್ದಾರೆ.”

“ಸಮುದ್ರ ನೋಡಿದ್ದಾರಾ?”

“ಇಲ್ಲ ಸಾರ್.”

“ನೀರು ಬೆಚ್ಚಗಿರುತ್ತೋ ತಣ್ಣಗಿರುತ್ತೋ, ಅದಾದ್ರೂ ಗೊತ್ತಾ?”

“ಅದನ್ನ ತಿಳ್ಕೊಳ್ಳೋಕೇ ಸಾರ್ ನಾವು ರಜೆ ಕೇಳ್ತಿರೋದು.”

“ಅದು ಬೇರೆ ಕಡತ. ಸಮುದ್ರವನ್ನೇ ನೋಡದವರು ಅದರ ನಡತೆ ಬಗ್ಗೆ ಪ್ರಮಾಣ ಪತ್ರ ಕೊಟ್ಟರೆ ನಾವು ಹೇಗೆ ಒಪ್ಪೋದು? ಮೊದಲು ಅವರು ನೋಡಿ ಬರಲಿ. ಆಮೇಲೆ ಬರೆದುಕೊಡಲಿ. ಆಮೇಲೆ ನೋಡೋಕೆ ಹೋಗಲಿ.”

ಇದರಲ್ಲಿ ತಪ್ಪು ಹುಡುಕಲು ಗುಮಾಸ್ತರು ಪ್ರಾಮಾಣಿಕವಾಗಿ ಪ್ರಯತ್ನಿಸಿದರು. ಸಿಗಲಿಲ್ಲ.

ಸೂಪರಿಂಟೆಂಡೆಂಟರು ಕರುಣೆಯುಳ್ಳವರು, ತಮ್ಮ ಚಪ್ಪಲಿ ಹೋದ ದುಃಖವನ್ನು ಬದಿಗಿಟ್ಟು ಒಂದು ದಾರಿ ಸೂಚಿಸಿದರು. ಮೂರನೆಯ ಸಮಿತಿಯೊಂದನ್ನು ರಚಿಸಿ, ಟೀಚರಮ್ಮನನ್ನು ವಿಷಯ ತಜ್ಞೆಯಾಗಿ ನೇಮಿಸುವುದು. ಐದು ದಿನ. ಸಮುದ್ರಕ್ಕೆ ಮುಖ ಮಾಡಿದ ಕೋಣೆ. ಸಮಿತಿಯವರ ಮನೆಮಂದಿಯೂ ಬರಲಡ್ಡಿಯಿಲ್ಲ.

“ನಾನು ಅವರ ಮನೆಮಂದಿ ಸಾರ್,” ಎಂದರು ಗುಮಾಸ್ತರು, ಬಾಯಿ ಬಿಟ್ಟೇಬಿಟ್ಟು.

“ಹೌದು, ಆದರೆ ನೀವು ಅರ್ಜಿದಾರರೂ ಹೌದಲ್ಲ. ನೀವೇ ಬರೆದ ಉಪನಿಯಮ.”

ಅಂದು ಮನೆಯಲ್ಲಿ ಟೀಚರಮ್ಮ ಊಟಕ್ಕೆ ಕೂರಲಿಲ್ಲ. “ನೀವಿಲ್ಲದೆ ನಾನೊಬ್ಬಳೇ ಹೋಗಿ ಏನು ನೋಡ್ಲಿ? ಬೇಡವೇ ಬೇಡ.”

“ನಿನ್ನ ಒಂದು ಸಹಿಗೋಸ್ಕರ ನಿಂತಿದೆ ಕಣೇ. ನೀನು ನೋಡಿ, ಸಹಿ ಹಾಕಿ ಬಾ. ಅರ್ಜಿ ಪಾಸಾಗುತ್ತೆ. ಆಮೇಲೆ ಇಬ್ಬರೂ ಹೋಗೋಣ. ನೀನು ಹೊಸದಾಗಿ ನೋಡೋ ಹಾಗೆ ನೋಡಿದ್ರಾಯ್ತು.”

ಟೀಚರಮ್ಮ ಹೊರಟರು. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಕಿಟಕಿಯಿಂದ ಕೈ ಬೀಸುತ್ತಿದ್ದರು. ಅವರ ಹಿಂದಿನ ಸೀಟಿನಲ್ಲಿ ಕೊಕ್ಕೆಯವರೂ ಅವರ ಅತ್ತೆಯೂ ಹುಲ್ಲಿನ ಟೋಪಿ ಹಾಕಿಕೊಂಡು ಕೂತಿದ್ದರು. ಗುಮಾಸ್ತರು ನೆಟ್ಟಗೆ ಕಚೇರಿಗೆ ಬಂದು, ಸಮಿತಿಯೊಂದಿಗೆ ಹೋದವರ ಖಾಲಿ ಮೇಜುಗಳ ನಡುವೆ ಐದು ದಿನ ಕೂತರು. ಬೇಸರವಾಯಿತು. ಅವರಿಗೆ ಹೆಂಡತಿ ಮೊದಲ ಸಲ ಸಮುದ್ರ ಕಂಡಾಗ ಏನು ಅಂದಿರಬಹುದು ಎಂಬುದೊಂದೇ ಯೋಚನೆ. ಅದನ್ನು ಪಕ್ಕದಲ್ಲಿ ನಿಂತು ಕೇಳಬೇಕಿತ್ತು ಎಂಬ ಆಸೆ. ಆ ಆಸೆಗೆ ಯಾವ ನಮೂನೆಯೂ ಇರಲಿಲ್ಲವಾದ್ದರಿಂದ ಅವರು ಹಳೆಯ ಹಾಜರಿ ಪುಸ್ತಕಗಳಿಗೆ ಗೆರೆ ಎಳೆದರು.

ಸಮಿತಿ ಹಿಂದಿರುಗಿದ ದಿನವೇ ಮೂರನೆಯ ವರದಿ ಸರ್ವಾನುಮತದಿಂದ ಅಂಗೀಕಾರವಾಯಿತು. ಸಮುದ್ರವು ಚರವಾದರೂ ಶಿಸ್ತಿನಿಂದ ಕದಲುವುದರಿಂದ ಅದನ್ನು ‘ತಾತ್ಕಾಲಿಕ ಸ್ಥಿರ’ ಎಂದು ಪರಿಗಣಿಸಬಹುದು. ಗುಮಾಸ್ತರ ಘೋಷಣೆ ಸುಳ್ಳಲ್ಲ. ಸ್ಥಳ ವಿಹಾರಕ್ಕೆ ಅತ್ಯಂತ ಯೋಗ್ಯ. ಎಲ್ಲರೂ ಗುಮಾಸ್ತರ ಕೈ ಕುಲುಕಿದರು. ಆಮೇಲೆ ಕೊಕ್ಕೆಯವರು ಮೆತ್ತಗೆ ಐವತ್ತೆರಡನೇ ನಿಯಮದ ಪುಟ ತೆರೆದಿಟ್ಟರು. ಒಂದು ಕುಟುಂಬ ಒಂದೇ ಸ್ಥಳವನ್ನು ನಾಲ್ಕು ವರ್ಷದೊಳಗೆ ಎರಡು ಬಾರಿ ನೋಡಕೂಡದು. ಅರ್ಜಿದಾರರ ಕುಟುಂಬವು ಸಮುದ್ರವನ್ನು ಈ ವಾರವಷ್ಟೇ ನೋಡಿದೆ.

ಬಾಯಿಪಾಠವಿದ್ದ ನಿಯಮವೇ, ಸಮಿತಿಯಲ್ಲಿ ನೋಡಿದ್ದೂ ಕುಟುಂಬ ನೋಡಿದ್ದಾಗುತ್ತದೆಂದು ಮಾತ್ರ ಗುಮಾಸ್ತರಿಗೆ ಹೊಳೆದಿರಲಿಲ್ಲ. ಓದಿದರು. ಮತ್ತೊಮ್ಮೆ ಓದಿದರು. ಅಚ್ಚುಕಟ್ಟಾದ ನಿಯಮ. ‘ಉದ್ದೇಶವು ಈಡೇರಿರುವುದರಿಂದ ಅರ್ಜಿಯನ್ನು ಮುಕ್ತಾಯಗೊಳಿಸಲಾಗಿದೆ’ ಎಂದು ತಮ್ಮ ಕೈಯಾರೆ ಬರೆದು, ದಾರ ಕಟ್ಟಿ, ಕಪಾಟಿನಲ್ಲಿಟ್ಟರು. ಟೀಚರಮ್ಮನ ಸೇವೆಯನ್ನು ಮೆಚ್ಚಿ ಅವರನ್ನು ಸಮಿತಿಯ ಕಾಯಂ ಸದಸ್ಯೆಯಾಗಿ ಮಾಡಲಾಗಿತ್ತು. ಆ ಆದೇಶದ ಪ್ರತಿಯನ್ನು ಮನೆಗೆ ಒಯ್ದದ್ದೂ ಗುಮಾಸ್ತರೇ.

ಸಂಜೆ ಅಡುಗೆಮನೆಯ ಮೇಜಿಗೆ ಇಬ್ಬರೂ ಎದುರುಬದುರು ಕೂತರು. ಟೀಚರಮ್ಮನ ಮುಖ ಬಿಸಿಲಿಗೆ ಕಂದಿತ್ತು, ಕಣ್ಣು ಹೊಳೆಯುತ್ತಿತ್ತು. ಗುಮಾಸ್ತರು ಆದೇಶ ಕೊಟ್ಟು, ಐವತ್ತೆರಡನೇ ನಿಯಮ ಹೇಳಿದರು. ಟೀಚರಮ್ಮ ಆದೇಶವನ್ನು ಮಡಿಸಿಟ್ಟು, “ನಾಲ್ಕು ವರ್ಷ ತಾನೇ,” ಎಂದರು.

“ಅದಿರಲಿ. ಹೇಗಿತ್ತು? ಹೇಳು.”

ಟೀಚರಮ್ಮ ಬಾಯಿ ತೆರೆದರು. ಮುಚ್ಚಿದರು. “ಹೇಳಬೇಕು ಅಂತ ನಾಲಿಗೆ ತುದೀಲೇ ಇದೆ ರೀ. ಆದರೆ ವರದಿ ಗೋಪ್ಯ ಅಂತ ಸಹಿ ಹಾಕಿಸ್ಕೊಂಡಿದ್ದಾರೆ. ಮಕ್ಕಳಿಗೂ ಹೇಳೋ ಹಾಗಿಲ್ಲ. ಕೇಳೋರು ಅರ್ಜಿ ಕೊಡಬೇಕಂತೆ.”

“ನಾನೂನಾ?”

“ನಿಮಗೆ ಹೇಳಿ ಮಕ್ಕಳಿಗೆ ಹೇಳಲ್ಲ ಅಂದ್ರೆ ತಾರತಮ್ಯ ಆಗಲ್ವಾ?”

ಆಗುತ್ತಿತ್ತು. ಗುಮಾಸ್ತರಿಗೆ ಹೆಂಡತಿಯ ಬಗ್ಗೆ ಹೆಮ್ಮೆಯೆನಿಸಿತು. ಇಷ್ಟು ಬೇಗ ನಿಯಮ ಅರಗಿಸಿಕೊಂಡವರನ್ನು ಅವರು ಕಚೇರಿಯಲ್ಲಿಯೂ ಕಂಡಿರಲಿಲ್ಲ. ಎದ್ದು ಬಿಳಿ ಹಾಳೆ ತಂದರು. ಹೆಸರು, ಹುದ್ದೆ, ಸದಸ್ಯೆಯೊಂದಿಗಿನ ಸಂಬಂಧ ಎಲ್ಲ ಬರೆದರು. ‘ಮಾಹಿತಿ ಕೋರಲು ಕಾರಣ’ ಎಂಬಲ್ಲಿಗೆ ಬಂದಾಗ ಪೆನ್ನು ನಿಂತಿತು. ನಿಯಮಾವಳಿ ಒಪ್ಪುವ ಕಾರಣಗಳು ಒಟ್ಟು ಆರು. ಐದನ್ನು ಅವರು ಮನಸ್ಸಿನಲ್ಲೇ ಒಂದೊಂದಾಗಿ ಓದಿ ನೋಡಿದರು, ಯಾವುದೂ ತಮ್ಮದಾಗಿರಲಿಲ್ಲ. ಕೊನೆಗೆ ಆರನೆಯದನ್ನು, ‘ಇತರೆ’ ಎಂದು, ದುಂಡಗೆ ಬರೆದು ಸಹಿ ಹಾಕಿದರು.

ಟೀಚರಮ್ಮ ಅರ್ಜಿಯನ್ನು ಪೂರ್ತಿ ಓದಿ, ಆ ಪದದ ಮೇಲೆ ಒಂದು ಕ್ಷಣ ಬೆರಳಿಟ್ಟುಕೊಂಡರು. “ಸರಿಯಾಗಿದೆ,” ಎಂದರು. “ಮುಂದಿನ ಸಭೇಲಿ ಇಡ್ತೀನಿ. ಮೂರು ತಿಂಗಳಾದ್ರೂ ಆಗುತ್ತೆ.”

“ಆಗಲಿ ಬಿಡು, ನಮಗೇನು ಅವಸರ?” ಎಂದರು ಗುಮಾಸ್ತರು. ಟೀಚರಮ್ಮ ಸ್ವೀಕೃತಿ ಬರೆದುಕೊಟ್ಟು, ತಟ್ಟೆ ಹಾಕಿದರು.